ಎಂಬತ್ತು ಜೋಡಿ ನೇರಳೆ ಹೀಲ್ಸ್

ಮುಖ ನೋಡಿ ವಯಸ್ಸು ಹೇಳುವವರಿದ್ದಾರೆ, ಅಂಗೈ ನೋಡಿ ಭವಿಷ್ಯ ಹೇಳುವವರಿದ್ದಾರೆ. ನನಗೆ ಹಿಮ್ಮಡಿ ತೋರಿಸಿದರೆ ಸಾಕು, ಆಕೆ ಎಷ್ಟು ಗಂಟೆಯ ಲೋಕಲ್ ರೈಲು ಹಿಡಿಯುತ್ತಾಳೆ, ಸೀಟು ಸಿಗುತ್ತದೋ ನಿಂತೇ ಹೋಗುತ್ತಾಳೋ ಎಂದು ಹೇಳಿಬಿಡುತ್ತೇನೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಡೊಂಬಿವಲಿಯ ಫಡಕೆ ರೋಡಿನ ಪಕ್ಕದ ಗಲ್ಲಿಯಲ್ಲಿ ಪುಂಡರೀಕಾಕ್ಷ ಸೇಠರ ಚಪ್ಪಲಿ ಅಂಗಡಿಯಿದೆ. ಅಲ್ಲಿ ಹನ್ನೊಂದು ವರ್ಷದಿಂದ ಗಿಡ್ಡ ಸ್ಟೂಲಿನ ಮೇಲೆ ಕೂತು ಹೆಂಗಸರ ಕಾಲಿಗೆ ಚಪ್ಪಲಿ ತೊಡಿಸುವವಳು ನಾನು, ಭಾಗ್ಯಾ. ಇಷ್ಟಾದರೂ ಜಂಬ ಬೇಡವೇ?

ಮಳೆಗಾಲ, ಚಳಿಗಾಲ, ಬೇಸಿಗೆ ಎಂಬ ಲೆಕ್ಕ ಶಾಲೆಯ ಮಕ್ಕಳಿಗಿರಲಿ, ನಮ್ಮ ಅಂಗಡಿಯ ಪಂಚಾಂಗವೇ ಬೇರೆ. ಜೂನ್ ಬಂತೆಂದರೆ ಎಲ್ಲೆಲ್ಲೂ ಪ್ಲಾಸ್ಟಿಕ್, ಚಂದದ ಹೀಲ್ಸೆಲ್ಲ ಅಟ್ಟ ಹತ್ತುತ್ತವೆ. ಆಗ ಬಂದು ಪೆನ್ಸಿಲ್ ಹೀಲ್ ಕೇಳುವವಳು ಈ ಊರಿಗೆ ಹೊಸದಾಗಿ ಸೊಸೆಯಾಗಿ ಬಂದವಳೇ ಸೈ. ಫುಟ್‌ಪಾತಿನ ಸಂದಿಗೆ ಹೀಲ್ ಸಿಕ್ಕಿ ಒಮ್ಮೆ ಮುರಿದ ಮೇಲೆ ಅವಳೂ ನಮ್ಮವಳಾಗುತ್ತಾಳೆ. ಗಣಪತಿ ಹಬ್ಬಕ್ಕೆ ಒಂಚೂರು ಮಿಂಚು. ಪಿತೃಪಕ್ಷದಲ್ಲಿ ಯಾರೂ ಹೊಸದು ಕೊಳ್ಳುವುದಿಲ್ಲ, ನಾವು ನೊಣ ಹೊಡೆಯುತ್ತೇವೆ. ನವರಾತ್ರಿಯ ಗರ್ಬಾಕ್ಕೆ ಕನ್ನಡಿ ಕೂರಿಸಿದ ಗಿಡ್ಡ ಹೀಲ್, ದೀಪಾವಳಿಗೆ ದಪ್ಪನೆಯ ಬ್ಲಾಕ್ ಹೀಲ್. ತುಳಸಿ ಮದುವೆ ಮುಗಿದು ಮನುಷ್ಯರ ಮದುವೆ ಶುರುವಾದರೆ ಬಂಗಾರದ ಬಣ್ಣ ಬಿಟ್ಟು ಬೇರೆ ಮಾತೇ ಇಲ್ಲ.

ಫ್ಯಾಷನ್ ಹುಟ್ಟಿಸುವವರು ಎಲ್ಲೋ ಏಸಿಯಲ್ಲಿ ಕೂತಿರುತ್ತಾರೆ, ಅವರಿಗೆ ನಮ್ಮ ರೈಲು ಗೊತ್ತಿಲ್ಲ. ಎರಡು ವರ್ಷದ ಹಿಂದೆ ಗಾಜಿನಂಥ ಹೀಲ್ಸ್ ಬಂದಿದ್ದವು. ರೈಲು ಠಾಣೆ ಊರು ಮುಟ್ಟುವಷ್ಟರಲ್ಲಿ ಒಳಗೆಲ್ಲ ಬೆವರಿನ ಹಬೆ ಕಟ್ಟಿ, ಕಾಲಿಗೆ ಇಡ್ಲಿ ಪಾತ್ರೆ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಈಗ ಕಿಟನ್ ಹೀಲ್ ಮತ್ತೆ ಬಂದಿದೆ. ಗಿಡ್ಡ, ಚೂಪು, ಅತ್ತ ಎತ್ತರವೂ ಇಲ್ಲ, ಇತ್ತ ಆರಾಮವೂ ಇಲ್ಲ, ಬರೀ ಎಡಬಿಡಂಗಿ. ನನ್ನ ಜೀವ ಇರುವುದು ಬ್ಲಾಕ್ ಹೀಲಿನಲ್ಲಿ. ಮೂರು ಇಂಚು ಎತ್ತರ, ಅಗಲ ತಳ, ಕಣಕಾಲಿಗೊಂದು ಪಟ್ಟಿ. ಅದನ್ನು ಹಾಕಿಕೊಂಡವಳು ಸ್ಟೇಷನ್ನಿನ ಬ್ರಿಜ್ ಹತ್ತಬಹುದು, ರೈಲಿಗೆ ಓಡಬಹುದು, ಸೀಟಿಗಾಗಿ ಜಗಳವನ್ನೂ ಆಡಬಹುದು.

ಆದರೆ ಕೆಲಸದಲ್ಲಿ ನನ್ನ ಕಾಲಿಗೆ ಚಪ್ಪಟೆ ಚಪ್ಪಲಿ. ದಿನಕ್ಕೆ ನೂರು ಸಲ ಕೂತು ಏಳುವವಳಿಗೆ ಹೀಲ್ಸ್ ಎಲ್ಲಿಂದ ಬರಬೇಕು? ಮನೆಯಲ್ಲಿ ಹೀಲ್ಸ್ ಹಾಕಿ ಅಡುಗೆಮನೆಯಿಂದ ಗ್ಯಾಲರಿಯವರೆಗೆ ಟಕಟಕ ನಡೆದರೆ ನನ್ನ ಗಂಡ ಸಂಗಮೇಶ, "ಕೆಳಗಿನ ಮನಿಯವ್ರು ಬಡಿಗಿ ತಗೊಂಡು ಬರ್ತಾರ ನೋಡು," ಎಂದು ನಗುತ್ತಾನೆ.

ಈ ವರ್ಷ ಸೇಠ್ ಕೋಪರಖೈರಣೆಯಲ್ಲಿ ಎರಡನೆಯ ಅಂಗಡಿ ತೆರೆಯಲು ಹೊರಟರು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ಒಂದು ಕಡೆ ನಾನು, ಇನ್ನೊಂದು ಕಡೆ ಅವರ ತಂಗಿಯ ಮಗ ವಿಶಾಲ್. ಅವನು ಅಂಗಡಿಗೆ ಬಂದು ಒಂದೂವರೆ ವರ್ಷ. ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಮಾತ್ರ ಹಿಂದಿ. ಹೊತ್ತಿಲ್ಲ ಗೊತ್ತಿಲ್ಲ, ಮೊಬೈಲ್ ಹಿಡಿದು ರೀಲ್ ಮಾಡುತ್ತಾನೆ.

"ದೀಪಾವಳಿಗೆ ಹೆಂಗಸರ ಹೀಲ್ಸ್ ನೀನು ಆರಿಸು ಮಾರಾಯ್ತಿ, ಸ್ನೀಕರ್ಸ್ ವಿಶಾಲ್ ಆರಿಸಲಿ. ಹಬ್ಬದ ಒಳಗೆ ಯಾರ ಮಾಲು ಖಾಲಿ ಆಗ್ತದೋ ಅವರಿಗೆ ಕೋಪರಖೈರಣೆ," ಎಂದರು ಸೇಠ್.

ಆ ಅಂಗಡಿ ನನಗೆ ಬೇಕಿತ್ತು. ರಾತ್ರಿ ನಿದ್ದೆ ಬಾರದಷ್ಟು ಬೇಕಿತ್ತು. ಸಂಬಳ ಹೆಚ್ಚಾಗುತ್ತದೆಂದಲ್ಲ. ಹನ್ನೊಂದು ವರ್ಷ ಬೇರೆಯವರು ಆರಿಸಿದ್ದನ್ನೇ ಹೊಗಳಿ ಮಾರಿದ್ದೇನೆ, ಅದರಲ್ಲಿ ಅರ್ಧ ನನ್ನ ಕಣ್ಣಿಗೇ ಹಿಡಿಸಿದ್ದಲ್ಲ. ಯಾವುದು ತರಿಸಬೇಕು, ಯಾವುದು ಗಾಜಿನ ಹಿಂದೆ ನಿಲ್ಲಬೇಕು ಎಂದು ಒಮ್ಮೆಯಾದರೂ ನಾನು ಹೇಳಬೇಕು ಅನ್ನಿಸಿತ್ತು.

ಮಾಲು ನೋಡಲು ಕಲ್ಯಾಣದ ಹೋಲ್‌ಸೇಲ್ ಬಜಾರಿಗೆ ಹೊರಟ ದಿನ ನವರಾತ್ರಿಯ ನೇರಳೆ ದಿನ. ಇಲ್ಲಿ ನವರಾತ್ರಿಗೆ ದಿನಕ್ಕೊಂದು ಬಣ್ಣ, ಆಫೀಸಿಗೆ ಹೋಗುವವರೂ ಅದನ್ನೇ ಉಡುತ್ತಾರೆ. ರೈಲಿನ ಲೇಡೀಸ್ ಡಬ್ಬಿ ಹತ್ತಿದರೆ ಬದನೆಕಾಯಿ ಬುಟ್ಟಿಯೊಳಗೆ ಇಳಿದ ಹಾಗಾಯಿತು. ಸೀರೆ ನೇರಳೆ, ಬಳೆ ನೇರಳೆ, ಕ್ಲಿಪ್ಪೂ ನೇರಳೆ. ಕಾಲಿಗೆ ಮಾತ್ರ ಅದೇ ಕಪ್ಪು, ಅದೇ ಕಂದು. ನನ್ನ ತಲೆಯಲ್ಲಿ ದೀಪ ಹತ್ತಿತು.

ಎಂಬತ್ತು ಜೋಡಿ ಬ್ಲಾಕ್ ಹೀಲ್ಸ್ ತೆಗೆದುಕೊಂಡೆ, ಎಲ್ಲವೂ ನೇರಳೆ, ಎಲ್ಲವೂ ಒಂದೇ ಡಿಸೈನು. "ನಾಲ್ಕು ಬಣ್ಣ ಹಾಕ್ಕೊಳ್ಳಿ ತಾಯಿ," ಎಂದು ಹೋಲ್‌ಸೇಲಿನವನು ಎರಡು ಸಲ ಹೇಳಿದ. ನಾನು ಅವನಿಗೇ ಫ್ಯಾಷನ್ ಪಾಠ ಮಾಡಿ ಬಂದೆ.

ಮಾಲು ಹೋದ ವೇಗ ನೋಡಬೇಕಿತ್ತು! ತೊಡಿಸಿದವರ ಕಾಲಿಗೆಲ್ಲ ನಾನೇ ಹೊಂದಿಸಿ ಕೊಟ್ಟೆ. ಕಣಕಾಲು ಸಣ್ಣದಿದ್ದರೆ ಪಟ್ಟಿಗೆ ಇನ್ನೊಂದು ತೂತು, ಹಿಮ್ಮಡಿ ಜಾರಿದರೆ ಒಳಗೊಂದು ಸ್ಪಂಜು, ಹೆಬ್ಬೆರಳ ಬುಡದಲ್ಲಿ ಗಂಟಿದ್ದರೆ ಮರದ ಅಚ್ಚು ತುರುಕಿ ಒಂದು ರಾತ್ರಿ ಸಡಿಲಿಸುವುದು. ಹಬ್ಬದ ಹಿಂದಿನ ಸಂಜೆ ವಿಶಾಲನ ಕಪಾಟಿನಲ್ಲಿ ಒಂಬತ್ತು ಜೋಡಿ ಉಳಿದಿದ್ದವು. ನನ್ನದರಲ್ಲಿ ಒಂದೇ. ಅದನ್ನು ನಾನೇ ಕೊಂಡೆ. "ನಾಳೆ ಹಬ್ಬ ಕಳೀಲಿ, ಮಾತಾಡುವ," ಎಂದರು ಸೇಠ್, ಬಾಯ್ತುಂಬ ನಕ್ಕು. ನಾನು ಗೆದ್ದೆ ಎಂದೇ ಮನೆಗೆ ಹೋದೆ.

ದೀಪಾವಳಿಯ ಬೆಳಿಗ್ಗೆ ಡೊಂಬಿವಲಿಯವರು ಮನೆಯಲ್ಲಿ ಕೂರುವುದಿಲ್ಲ. ಅಭ್ಯಂಜನ ಮುಗಿಸಿ, ಇದ್ದಬದ್ದ ಚಂದದ್ದನ್ನೆಲ್ಲ ಉಟ್ಟು ಫಡಕೆ ರೋಡಿಗೆ ಬರುತ್ತಾರೆ. ಹಳೆಯ ಗೆಳೆಯರನ್ನು ಕಾಣುವುದು, ಫೋಟೊ ತೆಗೆಸಿಕೊಳ್ಳುವುದು, ರಸ್ತೆಯ ತುದಿಯ ಗಣಪತಿಗೆ ಕೈಮುಗಿಯುವುದು. ನಾನೂ ಮೊದಲ ಸಲ ಹೀಲ್ಸ್ ಹಾಕಿಕೊಂಡು ಬೀದಿಗಿಳಿದೆ. ನೋಡಿದಲ್ಲೆಲ್ಲ ನನ್ನ ಹೀಲ್ಸ್! ಪೈಠಣಿ ಸೀರೆಯ ಕೆಳಗೆ ನೇರಳೆ, ಲೆಹೆಂಗಾದ ಕೆಳಗೆ ನೇರಳೆ. ಎದೆ ಉಬ್ಬಿತು. ಆದರೆ ಎದುರಾದ ಇಬ್ಬರು ಹುಡುಗಿಯರು ಒಬ್ಬರ ಕಾಲನ್ನೊಬ್ಬರು ನೋಡಿ ಮುಖ ಗಂಟಿಕ್ಕಿದಾಗ ಎದೆ ಕೊಂಚ ಇಳಿಯಿತು. ಹಬ್ಬದ ದಿನ ತನ್ನಂಥದ್ದು ಇನ್ನೊಬ್ಬಳ ಹತ್ತಿರ ಇರಬಾರದು ಎಂದೇ ಅಲ್ಲವೇ ಹೆಣ್ಣು ಅಂಗಡಿ ಸುತ್ತುವುದು? ಹನ್ನೊಂದು ವರ್ಷದ ಅನುಭವದವಳಿಗೆ ಅಷ್ಟೂ ಹೊಳೆದಿರಲಿಲ್ಲ.

ಗುಡಿಯ ಹತ್ತಿರ ಹೋದರೆ ಗದ್ದಲ. ಆ ಜನಸಂದಣಿಗೆ ಚಪ್ಪಲಿ ಸ್ಟ್ಯಾಂಡ್ ಎಲ್ಲಿ ಸಾಲಬೇಕು? ಹೆಂಗಸರು ಪಕ್ಕದ ಕಟ್ಟೆಯ ಬುಡದಲ್ಲಿ ಬಿಟ್ಟು ಒಳಗೆ ಹೋಗಿದ್ದಾರೆ. ಅವರು ಹೊರಗೆ ಬಂದು ನೋಡಿದರೆ ಮೂವತ್ತು ಜೋಡಿ ನೇರಳೆ ಹೀಲ್ಸ್ ಒಂದರ ಮೇಲೊಂದು ಬಿದ್ದಿವೆ. ಅಗ್ಗದ ಮಾಲು, ಸೈಜು ನಂಬರಿನ ಸ್ಟಿಕ್ಕರುಗಳೆಲ್ಲ ಒಂದು ಕಿಲೋಮೀಟರು ನಡೆಯುವುದರೊಳಗೆ ಉದುರಿಹೋಗಿದ್ದವು. ಒಬ್ಬಳ ಎಡಗಾಲಿಗೆ ದೊಡ್ಡದು, ಬಲಗಾಲಿಗೆ ಸಣ್ಣದು. "ಹೀ ಮಾಝೀ ನಾಹೀ," "ಇದು ನನ್ನದಲ್ಲ, ನನ್ನದು ಎಲ್ಲಿ," "ಏ, ಅದು ಬಿಡು!" ರೇಷ್ಮೆ ಸೀರೆಯವರೆಲ್ಲ ಬರಿಗಾಲಲ್ಲಿ ಕೂಗಾಡುತ್ತಿದ್ದರು.

ವಿಶಾಲ್ ಅಲ್ಲೇ ನಿಂತು ರೀಲ್ ಮಾಡುತ್ತಿದ್ದ. "ದೀದಿ, ಸಬ್ ಸೇಮ್ ಟು ಸೇಮ್! ವೈರಲ್ ಪಕ್ಕಾ."

ಅಷ್ಟರಲ್ಲಿ ಸೇಠ್ ಬಂದರು, ಗರಿಗರಿ ಪಂಚೆಯಲ್ಲಿ. ಕೂಡಲೇ ಶಾಲೆಯ ಹೆಡ್‌ಮಿಸ್ ಕುಲಕರ್ಣಿ ಮೇಡಂ ಅವರನ್ನು ಹಿಡಿದುಕೊಂಡರು. ಇಡೀ ಊರಿಗೆ ಯೂನಿಫಾರ್ಮ್ ಹಂಚಿದ್ದೀರಾ ಎಂದು ಮರಾಠಿಯಲ್ಲಿ ಜಾಡಿಸಿದರು. ಸೇಠ್ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಕೋಪರಖೈರಣೆ ಕಣ್ಣೆದುರೇ ಗಟಾರಕ್ಕೆ ಬಿತ್ತು.

ನಾಚಿಕೆಯಾಯಿತು, ಸಿಟ್ಟೂ ಬಂತು, ಎರಡೂ ನನ್ನ ಮೇಲೆಯೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ರಾಶಿಯ ಮುಂದೆ ಕೂತುಬಿಟ್ಟೆ. ಮೊದಲನೆಯದು ಕೈಗೆತ್ತಿಕೊಂಡರೆ ಹೆಬ್ಬೆರಳ ಕಡೆ ಉಬ್ಬಿತ್ತು. "ಕುಲಕರ್ಣಿ ಮೇಡಂ, ಇದು ನಿಮ್ದು. ಗಂಟಿಗಂತ ನಾನಾ ಸಡ್ಲ ಮಾಡಿದ್ದು." ಮೇಡಂ ಗಂಟಿನ ಮಾತು ಊರಿಗೆಲ್ಲ ಕೇಳಿದ್ದಕ್ಕೆ ಕೆಂಪಾದರು. ಆದರೂ ಹಾಕಿ ನೋಡಿದರು, ಕೂತುಕೊಂಡಿತು. "ಇದು ತನ್ವೀದು, ಪಟ್ಟಿಗೆ ಎರಡು ತೂತು ಜಾಸ್ತಿ. ಇದು ರಮಿತಾ ಮೇಡಮ್ಮಂದು, ಬಲಗಾಲಿಗಷ್ಟ ಸ್ಪಂಜು ಐತಿ." ನಂಬರಿಲ್ಲದಿದ್ದರೇನು, ನನ್ನ ಕೈಗೆಲಸ ನನಗೆ ಗೊತ್ತಿಲ್ಲವೇ? ಹೆಂಗಸರು ಸಾಲಾಗಿ ಕಟ್ಟೆಯ ಮೇಲೆ ಕೂತರು. ನಾನು ಒಂದೊಂದೇ ತೊಡಿಸುತ್ತ ಹೋದೆ. ಬೈಗುಳ ಮೊದಲು ಗೊಣಗಾಟವಾಯಿತು, ಆಮೇಲೆ ನಗೆಯಾಯಿತು. ಅರ್ಧ ಗಂಟೆಯಲ್ಲಿ ರಾಶಿ ಕರಗಿತು. ಕುಲಕರ್ಣಿ ಮೇಡಂ ಒಬ್ಬರದೇ ಪಟ್ಟಿ ಕಟ್ಟುವುದು ಬಾಕಿಯಿತ್ತು, ಸೊಂಟ ಬಗ್ಗುವುದಿಲ್ಲವೆಂದು ಅವರು ಕಾದು ಕೂತಿದ್ದರು.

ಸೇಠರ ಮುಖ ಈಗ ಬೇರೆಯೇ ಆಗಿತ್ತು. "ಎಂತ ನೆನಪು ಮಾರಾಯ್ತಿ ನಿಂದು! ನಿನ್ನನ್ನು ಇಲ್ಲಿಂದ ಕಳಿಸುದಾದ್ರೂ ಹೇಗೆ? ಈ ಗಿರಾಕಿಗಳೆಲ್ಲ ನಿನ್ನ ಕೈಯಲ್ಲೇ ಇರುದು. ಕೋಪರಖೈರಣೆಗೆ ವಿಶಾಲ್ ಹೋಗ್ಲಿ. ನೀನು ಇಲ್ಲೇ ಬೇಕು."

ಹೊಗಳಿಕೆಯೇ ಅದು. ಕಟ್ಟೆಯ ಮೇಲಿನ ಹೆಂಗಸರು ತಲೆಯಾಡಿಸಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ತಪ್ಪು ಮಾಡಿದ್ದಕ್ಕೆ ಅಂಗಡಿ ಹೋಗಿದ್ದರೆ ನುಂಗಿಕೊಳ್ಳುತ್ತಿದ್ದೆ, ಇದನ್ನು ಹೇಗೆ ನುಂಗಲಿ? ಎದ್ದು ನಿಂತೆ. ಮೂರು ಇಂಚಿನ ಹೀಲ್ಸಿನಲ್ಲಿ ನನ್ನ ಕಣ್ಣು ನೇರ ಸೇಠರ ಕಣ್ಣಿಗೆ ಬಂತು.

"ಚೊಲೋ ಕೆಲಸ ಮಾಡಿದ್ದಕ್ಕ ಶಿಕ್ಷಾ ಏನ್ರಿ ಸೇಠ್‌ಜೀ? ಎಲ್ಲಾ ಒಂದ ಬಣ್ಣ ತಂದಿದ್ದು ನನ್ನ ತಪ್ಪು, ಒಪ್ತೀನಿ. ಆದ್ರ ಮಾಲು ಖಾಲಿ ಮಾಡೀನಿ. ನೀವು ಮಾತು ಕೊಟ್ಟೀರಿ. ನನಗ ಆ ಅಂಗಡಿ ಬೇಕ್ರಿ."

"ಬೇಕು ಅಂತ ಇಷ್ಟು ವರ್ಷ ಒಮ್ಮೆಯೂ ಹೇಳ್ಲಿಲ್ಲ ನೀನು," ಎಂದರು ಅವರು, ಮೆಲ್ಲಗೆ.

"ಹೇಳೀನ್ರಿ. ಕೆಳಗ ಕುಂತು ಹೇಳಿದ್ದು ಮ್ಯಾಲಿನವ್ರಿಗೆ ಕೇಳಸಂಗಿಲ್ಲ."

ವಿಶಾಲ್ ಮೊಬೈಲ್ ಕೆಳಗಿಳಿಸಿದ. "ಮಾಮಾ, ದೇ ದೋ ನಾ ದೀದಿ ಕೋ," ಎಂದ, ಅಂಗಡಿ ನನಗೇ ಕೊಟ್ಟುಬಿಡಲಿ ಅಂತ. ಆ ಹುಡುಗನ ಬಗ್ಗೆ ನಾನು ಅಂದುಕೊಂಡಿದ್ದರಲ್ಲಿ ಅರ್ಧ ಆ ಕ್ಷಣದಲ್ಲೇ ವಾಪಸು ತೆಗೆದುಕೊಂಡೆ.

ಸೇಠ್ ಉಸಿರುಬಿಟ್ಟರು. "ಆಯ್ತು ಮಾರಾಯ್ತಿ, ಕೋಪರಖೈರಣೆ ನಿಂದೇ. ಆದ್ರೆ ಇಲ್ಲಿ ಆ ಸ್ಟೂಲಿನ ಮೇಲೆ ಯಾರು ಕೂರುದು?"

ಅಷ್ಟರಲ್ಲಿ ಕುಲಕರ್ಣಿ ಮೇಡಂ ಕಾದು ಕಾದು ಸಾಕಾಗಿ ಕಾಲು ಮುಂದೆ ಚಾಚಿದರು, ಬಿಚ್ಚಿದ ಪಟ್ಟಿ ನೆಲಕ್ಕೆ ಜೋತಿತ್ತು. ರೂಢಿಯಿಂದ ನನ್ನ ಮಂಡಿ ತಾನಾಗಿ ಮಡಚಿಕೊಂಡಿತು. ಹಲ್ಲು ಕಚ್ಚಿ ನೆಟ್ಟಗೆ ನಿಂತೆ. ಸೇಠ್ ನನ್ನನ್ನು ನೋಡಿದರು, ಆ ಕಾಲನ್ನು ನೋಡಿದರು. ಆಮೇಲೆ ಗರಿಗರಿ ಪಂಚೆ ಎತ್ತಿ ಕಟ್ಟಿ, ಫಡಕೆ ರೋಡಿನ ಅಷ್ಟೂ ಜನರ ಮುಂದೆ ಕೆಳಗೆ ಕೂತರು. ಪಟ್ಟಿ ಕೈಯಲ್ಲಿ ಹಿಡಿದು ತಲೆಯೆತ್ತಿ ಕೇಳಿದರು.

"ಎಷ್ಟನೇ ತೂತಿಗೆ, ಭಾಗ್ಯಾ?"

"ನಾಲ್ಕನೇದಕ್ರಿ," ಎಂದೆ, ನಿಂತಲ್ಲಿಂದಲೇ.