ಗೆರೆ ಮುಟ್ಟಿದ ಮೇಲೂ

"ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳ ಹೆಸರು ಹೇಳು," ಎಂದಳು ಯಶ್ಮಿತಾ.

ಟೈಲರ್ ಪರೀಕ್ಷೆಯ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಆರೂಕಾಲು ಅಡಿ ಎತ್ತರದ ಆಳು, ಮಂಚ ಅವನಿಗೆ ಮಣೆಯಷ್ಟೇ ಕಾಣುತ್ತಿತ್ತು. ಡಿಸೆಂಬರ್, ನವೆಂಬರ್, ಅಕ್ಟೋಬರ್ ಎಂದು ಗತ್ತಿನಲ್ಲೇ ಶುರು ಮಾಡಿದವನು ಆಗಸ್ಟಿನ ಹತ್ತಿರ ತಡವರಿಸಿದ. ಜುಲೈ ಬಿಟ್ಟು ಜೂನಿಗೆ ಹಾರಿದ, ಮತ್ತೆ ಆಗಸ್ಟಿಗೆ ಬಂದ. ಕಣ್ಣಿಗೆ ಟಾರ್ಚ್ ಬಿಟ್ಟರೆ ಮುಖ ಕಿವುಚಿದ. ಸೆಮಿಫೈನಲಿನಲ್ಲಿ ಅವನ ತಲೆಗೆ ಪೆಟ್ಟು ಬಿದ್ದು ಐದು ದಿನವಾಗಿತ್ತು. ಫೈನಲಿಗೆ ಇನ್ನೆರಡೇ ದಿನ.

ಯಶ್ಮಿತಾ ಎದ್ದು ಗೋಡೆಯ ಬಿಳಿ ಹಲಗೆಯ ಹತ್ತಿರ ಹೋದಳು. ಕೆಂಪು ಪೆನ್ನಿನಿಂದ ಅವನ ಹೆಸರು ಬರೆದಳು. ಹಲಗೆಯ ಮೇಲೆ ಈಗಾಗಲೇ ಐದು ಹೆಸರು ಕೆಂಪಾಗಿದ್ದವು, ಇದು ಆರನೆಯದು.

ಬಾಗಿಲಿಗೆ ಒರಗಿ ನಿಂತಿದ್ದ ಕೋಚ್ ಡೇಲ್ ಬಾಯಲ್ಲಿದ್ದ ಚ್ಯೂಯಿಂಗ್ ಗಮ್ ಅಗಿಯುವುದನ್ನು ನಿಲ್ಲಿಸಿದ. "ಅವನು ಇಲ್ಲದೆ ನಮ್ಮ ಡಿಫೆನ್ಸ್ ಇಲ್ಲ," ಎಂದ ಇಂಗ್ಲಿಷಿನಲ್ಲಿ. "ತಿಂಗಳ ಹೆಸರು ನನಗೂ ಹಿಂದಕ್ಕೆ ಬರುವುದಿಲ್ಲ."

"ನಿಮ್ಮ ತಲೆಗೆ ಪೆಟ್ಟು ಬಿದ್ದಿಲ್ಲ ಕೋಚ್. ಇವನಿಗೆ ಇನ್ನೊಂದು ಪೆಟ್ಟು ಬಿದ್ದರೆ ಏನಾಗುತ್ತದೋ ಹೇಳುವುದು ಕಷ್ಟ. ಆಡಬಹುದೆಂದು ನಾನು ಸಹಿ ಹಾಕುವುದಿಲ್ಲ."

"ಹಾಗಾದರೆ ನಡುವೆ ನಿನ್ನ ಮನುಷ್ಯನೇ ನಿಲ್ಲಬೇಕು. ಆ ಸಫೀರ್. ಕಳೆದ ವಾರ ಹಿಡಿದವನನ್ನು ಕೈಯಾರೆ ಬಿಟ್ಟುಕೊಟ್ಟನಲ್ಲ, ಅವನೇ." ಡೇಲ್ ಬೆರಳೆತ್ತಿದ. "ಶುಕ್ರವಾರವೂ ಬಿಟ್ಟರೆ, ಮುಂದಿನ ವರ್ಷ ಈ ಪೆನ್ನು ಬೇರೆ ಯಾರ ಕೈಯಲ್ಲೋ ಇರುತ್ತದೆ."

ಹೇಳಿ ಹೊರಟುಹೋದ. ಟೈಲರ್ ತಲೆ ತಗ್ಗಿಸಿಕೊಂಡು ಕೂತೇ ಇದ್ದ. ದುಡುಕಿದೆನೇ ಎಂದು ಯಶ್ಮಿತಾಳಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಹೆದರಿಕೆ ಮಾತ್ರ ಆಯಿತು, ಅದೂ ಚೆನ್ನಾಗಿಯೇ ಆಯಿತು.

ಯಶ್ಮಿತಾ ಮೂಡುಬಿದಿರೆಯವಳು. ಈಗ ಗಲ್ಫಿನಲ್ಲಿ, ವಾರವಿಡೀ ಕರಾಮ ಎಂಬಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಹೋಟೆಲು ಮಾಣಿಗಳ ಸೊಂಟ, ಟ್ಯಾಕ್ಸಿ ಡ್ರೈವರುಗಳ ಕುತ್ತಿಗೆ, ಗೃಹಿಣಿಯರ ಮಂಡಿ ನೋಡುವುದು ಅವಳ ಕೆಲಸ. ವಾರದ ಮೂರು ಸಂಜೆ ಮತ್ತು ಶುಕ್ರವಾರ ಸ್ಕಾರ್ಪಿಯನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಜೊತೆ. ಫುಟ್‌ಬಾಲ್ ಎಂಬ ಹೆಸರಿದ್ದರೂ ಕಾಲಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಎದುರಿನವರು ಓಡುವವನ ಮಂಡಿ ನೆಲಕ್ಕೆ ತಾಗುವಂತೆ ಕೆಡವಬೇಕು, ಅದಕ್ಕೆ ಮುಂಚೆ ಚೆಂಡು ಮೈದಾನದ ಕೊನೆಯ ಗೆರೆ ದಾಟಿದರೆ ಆರು ಅಂಕ, ಕಂಬಗಳ ನಡುವೆ ಒದ್ದರೆ ಒಂದೋ ಮೂರೋ. ಹೆಲ್ಮೆಟ್ಟು, ಭುಜಕ್ಕೆ ಬುಟ್ಟಿಯಂಥ ಕವಚ, ಇಷ್ಟೆಲ್ಲ ತೊಟ್ಟುಕೊಂಡೂ ಮೈಮೂಳೆ ಮುರಿದುಕೊಳ್ಳುವ ಆಟ.

ಆ ವರ್ಷ, ಅಂದರೆ ಎರಡು ಸಾವಿರದ ಹದಿನಾಲ್ಕರಲ್ಲಿ, ಸ್ಕಾರ್ಪಿಯನ್ಸ್ ಮೊದಲ ನಾಲ್ಕು ಪಂದ್ಯ ಗೆದ್ದು ಮೀಸೆ ತಿರುವಿತ್ತು. ಐದನೆಯದರಲ್ಲಿ ಒಬ್ಬನ ಮೊಣಕಾಲು ಹೋಯಿತು. ಅವನ ಜಾಗದಲ್ಲಿ ನಿಂತವನು ಎರಡಾಳಿನ ಕೆಲಸ ಮಾಡಿ ದಣಿದು ಕೊರಳೆಲುಬು ಮುರಿದುಕೊಂಡ. ಅವನ ಜಾಗಕ್ಕೆ ಬಂದವನ ಮಣಿಕಟ್ಟು ಹೋಯಿತು. ಒಂದು ಗಾಯ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ ಎಂದು ಯಶ್ಮಿತಾ ಬಾಯಿ ನೋಯುವಷ್ಟು ಹೇಳಿದಳು. ಡೇಲ್ ಕೇಳಲಿಲ್ಲ, ತಂಡ ಸಾಲಾಗಿ ಮೂರು ಪಂದ್ಯ ಸೋತಿತು. ಆಮೇಲೆ ಅವಳು ಕೆಂಪು ಪೆನ್ನು ತಂದಳು. ಕೆಂಪಿನಲ್ಲಿ ಹೆಸರಿದ್ದವನು ಅಂಗಳಕ್ಕಿಳಿಯುವ ಹಾಗಿಲ್ಲ. ತೊಡೆಯ ಸ್ನಾಯು ಹಿಡಿದುಕೊಂಡಿದ್ದ ಕೀನ್ಯಾದ ಓಟಗಾರನನ್ನು ಸೆಮಿಫೈನಲ್ ಸೇರಿ ನಾಲ್ಕು ವಾರ ಕೂರಿಸಿ ಈಗಷ್ಟೇ ಬಿಟ್ಟಿದ್ದಳು, ಡೇಲ್ ನಾಲ್ಕು ವಾರವೂ ಮುಖ ಊದಿಸಿಕೊಂಡಿದ್ದ.

ಅವಳ ಹಟಕ್ಕೆ ಒಂದು ಕಾರಣವಿತ್ತು. ಕಾಲೇಜಿನಲ್ಲಿ ಅವಳು ಕಬಡ್ಡಿ ಆಡುತ್ತಿದ್ದಳು, ಎಡಮೂಲೆಯ ಆಟಗಾರ್ತಿ. ಮಂಡಿ ಊದಿದ್ದಾಗ "ಒಂದೇ ಒಂದು ಮ್ಯಾಚು, ಆಮೇಲೆ ರೆಸ್ಟು" ಎಂದು ಮಾಸ್ತರರು ಆಡಿಸಿದರು. ಅದೇ ಕೊನೆಯ ಮ್ಯಾಚಾಯಿತು. ಇಂದಿಗೂ ಅವಳು ಆ ಮಂಡಿ ಊರಿ ಕೂರುವುದಿಲ್ಲ.

ಸಫೀರ್ ಉಪ್ಪಿನಂಗಡಿಯ ಹುಡುಗ, ಜೆಬೆಲ್ ಅಲಿಯ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಬೆನ್ನು ನೋವೆಂದು ಕ್ಲಿನಿಕ್ಕಿಗೆ ಬಂದಿದ್ದಾಗ ಊರಿನಲ್ಲಿ ಹನ್ನೆರಡು ವರ್ಷ ಕಬಡ್ಡಿ ಆಡಿದವನೆಂದು ತಿಳಿಯಿತು. ಊರಿನವರ ಸಂಘ ನಡೆಸಿದ ಪಂದ್ಯದಲ್ಲಿ ಅವನು ಎದುರಾಳಿಯ ಪಾದದ ಗಂಟು ಹಿಡಿದದ್ದನ್ನು ಅವಳು ಕಣ್ಣಾರೆ ನೋಡಿದಳು. ಮಾರನೇ ದಿನವೇ ತಂಡದ ಮ್ಯಾನೇಜರ್ ರುಡೊಲ್ಫರಿಗೆ ಫೋನ್ ಮಾಡಿ, "ನಮಗೆ ಆಳಿಲ್ಲ ಅಂತ ಅಳುದು ಬೇಡ, ಒಬ್ಬ ಉಂಟು," ಎಂದಿದ್ದಳು.

ಈಗ ಆ ಒಬ್ಬನದೇ ಪಂಚಾಯಿತಿ. ಸೆಮಿಫೈನಲಿನಲ್ಲಿ ಅವನು ಚೆಂಡು ಹಿಡಿದು ಓಡುವವನ ಕಾಲು ಭದ್ರವಾಗಿ ಹಿಡಿದಿದ್ದ. ಹಿಡಿದವನು ತಾನಾಗಿಯೇ ಬಿಟ್ಟ. ಓಟಗಾರ ಸಾವರಿಸಿಕೊಂಡು ಮೂವತ್ತು ಗಜ ಓಡಿ ಆರು ಅಂಕ ತೆಗೆದ. ಹೇಗೋ ಪಂದ್ಯ ಗೆದ್ದರು, ಆದರೆ ಯಾಕೆ ಬಿಟ್ಟೆ ಎಂದು ಹತ್ತು ಜನ ಕೇಳಿದರೂ ಅವನ ಬಾಯಿಂದ "ಸಾರಿ ಕೋಚ್" ಬಿಟ್ಟು ಬೇರೇನೂ ಹೊರಡಲಿಲ್ಲ. ಹೆದರಿದ ಎಂದು ಕೆಲವರು, ಸೋಮಾರಿ ಎಂದು ಕೆಲವರು ಹೇಳಿದರು.

ಡೇಲ್ ಹೋದ ಮೇಲೆ ಯಶ್ಮಿತಾ ರುಡೊಲ್ಫರ ಲ್ಯಾಪ್‌ಟಾಪಿನಲ್ಲಿ ಆ ವೀಡಿಯೋ ಹಾಕಿಸಿದಳು. ಮೂರು ಸಲ ನೋಡಿದಳು. ಮೂರನೆಯ ಸಲ ನಗು ಬಂತು.

"ಎಂತ ನಗುದು ಮಾರಾಯ್ತಿ," ಎಂದರು ರುಡೊಲ್ಫ್. ಅವರು ಮಂಗಳೂರಿನವರು, ಐವತ್ತು ದಾಟಿದ ದುಂಡು ಮೈಯವರು. "ಡೇಲ್ ಸಿಟ್ಟಲ್ಲಿದ್ದಾನೆ. ನಿನ್ನ ಕೆಲಸಕ್ಕೇ ಬಂತು ಇದು."

"ಇಲ್ಲಿ ನೋಡಿ ಸರ್. ಓಡುವವನು ಬೀಳ್ತಾ ಇದ್ದಾನೆ, ಮಂಡಿ ಇನ್ನೂ ನೆಲಕ್ಕೆ ತಾಗ್ಲಿಲ್ಲ. ಕೈ ಊರಿದ. ಎಲ್ಲಿ ಊರಿದ?"

"ಬಿಳಿ ಗೆರೆ ಮೇಲೆ."

"ಸಫೀರನ ಕಣ್ಣು ಎಲ್ಲುಂಟು?"

"ಗೆರೆ ಮೇಲೆ." ರುಡೊಲ್ಫ್ ಕನ್ನಡಕ ಸರಿಮಾಡಿಕೊಂಡರು. "ಅದಕ್ಕೆ?"

"ಕಬಡ್ಡಿಯಲ್ಲಿ ನಾವು ಹಿಡಿದವನ ಕೈ ನಡುಗೆರೆಗೆ ತಾಗಿದ್ರೆ ಮುಗೀತು. ಅವನು ಪಾರು, ನಾವು ಔಟು. ಮತ್ತೆ ಹಿಡ್ಕೊಂಡು ಏನು ಪ್ರಯೋಜನ? ಇಲ್ಲಿ ಕೈ ಗೆರೆಗೆ ತಾಗಿದ್ರೆ ಲೆಕ್ಕಕ್ಕಿಲ್ಲ, ಆದ್ರೆ ಐದೈದು ಗಜಕ್ಕೆ ಒಂದು ಗೆರೆ ಎಳೆದಿಟ್ಟಿದ್ದಾರೆ. ಅವನ ಜಾಗದಲ್ಲಿ ನಾನಿದ್ರೆ ನಾನೂ ಬಿಡ್ತಿದ್ದೆ."

ಆ ಸಂಜೆಯೇ ಸಿಲಿಕಾನ್ ಓಯಸಿಸ್ ಪಕ್ಕದ ಅಭ್ಯಾಸದ ಮೈದಾನಕ್ಕೆ ಸಫೀರನನ್ನು ಕರೆಸಿದಳು. ಅವನು ಗೋದಾಮಿನ ಯೂನಿಫಾರ್ಮಿನಲ್ಲೇ ಬಂದ. ವೀಡಿಯೋದ ಮಾತು ಕೇಳಿ ಅವನ ಮುಖ ಸಣ್ಣಗಾಯಿತು.

"ನನಗೆ ಗೊತ್ತುಂಟು ಯಶ್ಮಿತಕ್ಕ. ಆಟ ಬೇರೆ ಅಂತ ತಲೆಗೆ ಗೊತ್ತುಂಟು. ಕೈಗೆ ಗೊತ್ತಿಲ್ಲ."

"ಕೋಚಿಗೆ ಯಾಕೆ ಹೇಳ್ಲಿಲ್ಲ ಮತ್ತೆ?"

"ಅಷ್ಟು ಇಂಗ್ಲಿಷು ಎಲ್ಲುಂಟು ನನ್ನತ್ರ? ಹೇಳಿದ್ರೂ ಅವ್ರು ನಂಬುದಾ?"

"ಸರಿ, ಕೈಗೇ ಹೇಳುವ. ರುಡೊಲ್ಫ್ ಸರ್, ನೀವು ಚೆಂಡು ಹಿಡ್ಕೊಂಡು ಓಡಿ."

ರುಡೊಲ್ಫ್ ಇಲ್ಲದ ನೆಪ ಹುಡುಕಿದರು, ಯಾವುದೂ ನಡೆಯಲಿಲ್ಲ. ಚೆಂಡು ಅವುಚಿಕೊಂಡು ಓಡಿದರು. ಸಫೀರ್ ಹಿಡಿದ, ರುಡೊಲ್ಫ್ ಕೈ ಚಾಚಿ ಗೆರೆ ಮುಟ್ಟಿದರು, ಸಫೀರ್ ಬಿಟ್ಟ. ಇನ್ನೊಮ್ಮೆ ಓಡಿದರು, ಇನ್ನೊಮ್ಮೆ ಬಿಟ್ಟ. ಒಂಬತ್ತು ಸಲ ಬಿಟ್ಟು, ಹತ್ತನೆಯ ಸಲ ಒಂದು ಉಸಿರಿನಷ್ಟು ಹೊತ್ತು ಹಿಡಿದು ಬಿಟ್ಟ. ಯಶ್ಮಿತಾ ಪಕ್ಕದಲ್ಲೇ ಬಗ್ಗಿ ನಿಂತು, "ಬಿಡ್ಬೇಡ, ಬಿಡ್ಬೇಡ," ಎನ್ನುತ್ತಲೇ ಇದ್ದಳು. ಗುರುವಾರವೂ ಅದೇ ಕಥೆ. ನಲವತ್ತನೆಯ ಸಲಕ್ಕೆ ಸಫೀರ್ ಬಿಡಲಿಲ್ಲ, ರುಡೊಲ್ಫ್ ಅಂಗಾತ ಮಲಗಿ ಆಕಾಶ ನೋಡಿದರು.

"ನನ್ನ ಸೊಂಟ ಹೋಯ್ತು ಮಾರಾಯ್ತಿ. ನನ್ನ ಹೆಸರೂ ಬರಿ ಹಲಗೆ ಮೇಲೆ."

"ರೆಫರಿ ಸೀಟಿ ಕೇಳಿದ್ರೆ ಬಿಡ್ಬಹುದಲ್ಲ ಅಕ್ಕ?" ಎಂದ ಸಫೀರ್.

ಯಶ್ಮಿತಾ ಯೋಚಿಸಿದಳು. "ನಾಳೆ ನಿಮ್ಮವರೆಲ್ಲ ಬರ್ತಾರೆ ಅಂದಿಯಲ್ಲ?"

"ನಮ್ಮ ಸೂಪರ್‌ವೈಸರ್ ಅಲಿಕುಂಞಿಕ್ಕ ಕಂಪನಿ ಬಸ್ಸೇ ಮಾಡಿದ್ದಾರೆ. ನಲವತ್ತು ಜನ."

"ನಲವತ್ತು ಜನ ಬಂದು ಸೀಟಿ ಹೊಡೀದೆ ಕೂರ್ತಾರಾ? ಸೀಟಿಯೂ ಬೇಡ. ನಾನು ಬಂದು ಬಿಡು ಅಂದ್ರೆ ಮಾತ್ರ ಬಿಡು."

ಶುಕ್ರವಾರ ಜುಮಾ ನಮಾಜು ಮುಗಿಸಿ ಹೊರಟ ಬಸ್ಸು ಅಬುಧಾಬಿಯ ಮೈದಾನಕ್ಕೆ ಮೂರೂವರೆಗೆ ಬಂತು. ಗೋದಾಮಿನ ಸೂಪರ್‌ವೈಸರ್ ಅಲಿಕುಂಞಿ ಖಾಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಹೆಗಲಿಗೇರಿಸಿಕೊಂಡು ಇಳಿದರು. ಆಟದ ತಲೆಬುಡ ಆ ನಲವತ್ತು ಜನರಿಗೆ ಗೊತ್ತಿರಲಿಲ್ಲ. ಅವರು ಎದುರಾಳಿಗೆ ಅಂಕ ಬಂದಾಗಲೂ ಡ್ರಮ್ ಬಡಿದರು, ಪಕ್ಕದವರು ತಿಳಿಸಿ ಹೇಳಿದ ಮೇಲೆ ಇನ್ನೂ ಜೋರಾಗಿ ಬಡಿದರು.

ಟೈಲರ್ ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ. ಡೇಲ್ ಯಶ್ಮಿತಾಳ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಆಟ ಶುರುವಾದ ಮೇಲೆ ಒಂದು ವಿಷಯ ಎಲ್ಲರ ಕಣ್ಣಿಗೂ ಬಿತ್ತು. ಎದುರಾಳಿಗಳಾದ ಅಬುಧಾಬಿಯವರಲ್ಲಿ ಮೂವರು ಕುಂಟುತ್ತ ಆಡುತ್ತಿದ್ದರು. ಸ್ಕಾರ್ಪಿಯನ್ಸಿನಲ್ಲಿ ಆಳು ಕಡಿಮೆ, ಆದರೆ ನಿಂತವರೆಲ್ಲ ಗಟ್ಟಿ ಕಾಲಿನ ಮೇಲೆ ನಿಂತಿದ್ದರು. ನಾಲ್ಕು ವಾರ ಕೂತು ಬೇಸತ್ತಿದ್ದ ಕೀನ್ಯಾದ ಓಟಗಾರ, ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಿ ಎರಡು ಸಲ ಕೊನೆಯ ಗೆರೆ ದಾಟಿದ. ಎರಡನೆಯ ಸಲ ಡೇಲ್ ಅವಳತ್ತ ಒಮ್ಮೆ ನೋಡಿ ಕತ್ತು ತಿರುಗಿಸಿಕೊಂಡ. ಅವಳಿಗೆ ಅಷ್ಟೇ ಸಾಕಾಯಿತು, ಒಳಗೊಳಗೇ ಹಿಗ್ಗಿದಳು.

ಕೊನೆಯ ಹನ್ನೊಂದು ಸೆಕೆಂಡು ಉಳಿದಿತ್ತು. ಸ್ಕಾರ್ಪಿಯನ್ಸ್ ಇಪ್ಪತ್ತು, ಅಬುಧಾಬಿ ಹದಿನಾರು. ಚೆಂಡು ಅಬುಧಾಬಿಯವರ ಕೈಯಲ್ಲಿತ್ತು. ಕೊನೆಯ ಗೆರೆಗೆ ಮೂರೇ ಗಜ. ದಾಟಿದರೆ ಪಂದ್ಯ ಅವರದು.

ಸಫೀರ್ ಕೊನೆಯ ಗೆರೆಯ ಮೇಲೆ ಬಗ್ಗಿ, ಅಲ್ಲಿ ಉದುರಿಸಿದ್ದ ಸುಣ್ಣವನ್ನು ಎರಡೂ ಅಂಗೈಗೆ ಉಜ್ಜಿಕೊಂಡ. ಊರಿನಲ್ಲಾಗಿದ್ದರೆ ಮಣ್ಣು ಉಜ್ಜುತ್ತಿದ್ದ. ಅದನ್ನು ನೋಡಿ ಯಶ್ಮಿತಾಳ ಅಂಗೈಗಳೂ ತಾವಾಗಿ ಒಂದಕ್ಕೊಂದು ಉಜ್ಜಿಕೊಂಡವು.

ಚೆಂಡು ಹೊರಟಿತು. ಅವರ ಓಟಗಾರ ಎಡಕ್ಕೆ ಹಾಯುವಂತೆ ಮಾಡಿ ಬಲಕ್ಕೆ ನುಗ್ಗಿದ. ಇಬ್ಬರು ಅವನ ಮೈಗೆ ಬಿದ್ದು ಜಾರಿದರು. ಸಫೀರ್ ಎತ್ತರಕ್ಕೆ ಹೋಗಲಿಲ್ಲ. ಮೂಲೆಯಲ್ಲಿ ಕಾಯುವವನು ಹೋಗುವ ಹಾಗೆ ನೆಲಕ್ಕೆ ಹತ್ತಿರವಾಗಿ ಹೋಗಿ ಬಲಗಾಲಿನ ಗಂಟಿಗೆ ಎರಡೂ ಕೈ ಹಾಕಿದ. ಓಟಗಾರ ಮುಗ್ಗರಿಸಿದ, ಆದರೆ ಬೀಳಲಿಲ್ಲ. ಚೆಂಡನ್ನು ಎಡಗಂಕುಳಲ್ಲಿ ಇಟ್ಟು ಬಲಗೈ ಮುಂದೆ ಚಾಚಿ ಊರಿದ.

ಆ ಕೈ ನೇರ ಬಿಳಿ ಗೆರೆಯ ಮೇಲೆ ಬಿತ್ತು.

ಬಸ್ಸಿನವರ ಕಡೆಯಿಂದ ಉದ್ದಕ್ಕೆ ಒಂದು ಸೀಟಿ ಬಂತು. ಸ್ಕಾರ್ಪಿಯನ್ಸಿನವನೇ ಒಬ್ಬ ಆಟ ನಿಂತಿತೆಂದು ಅಲ್ಲೇ ನಿಂತ. ಯಶ್ಮಿತಾ ಐಸಿನ ಡಬ್ಬದ ಹಿಡಿ ಬಿಗಿಯಾಗಿ ಹಿಡಿದಿದ್ದಳು.

ಸಫೀರನ ಕಣ್ಣು ಗೆರೆಯ ಮೇಲೇ ಇತ್ತು. ಅವನು ಗೆರೆ ನೋಡಿದ, ಅದರ ಮೇಲಿನ ಕೈ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು, ಹಿಡಿದ ಕಾಲನ್ನು ತನ್ನ ಎದೆಗೆ ಎಳೆದುಕೊಂಡ. ಓಟಗಾರನ ಮಂಡಿ ನೆಲಕ್ಕೆ ಬಡಿಯಿತು. ಚೆಂಡು ಇನ್ನೂ ಗೆರೆಯಿಂದ ಒಂದು ಗೇಣು ಈಚೆಗಿತ್ತು.

ಆಗ ರೆಫರಿಯ ಸೀಟಿ ಬಂತು. ಇನ್ನೊಂದು ಓಟಕ್ಕೆ ಹೊತ್ತು ಉಳಿದಿರಲಿಲ್ಲ.

ಡ್ರಮ್ಮು, ಕೂಗು, ನಲವತ್ತು ಜನರ ಕುಣಿತ ಎಲ್ಲ ಒಟ್ಟಿಗೇ ಶುರುವಾಯಿತು. ಆಟಗಾರರು ತಣ್ಣೀರಿನ ಬಕೆಟ್ಟನ್ನು ಡೇಲ್‌ನ ತಲೆಗೆ ಸುರಿದರು. ತೊಯ್ದು ತೊಪ್ಪೆಯಾದ ಡೇಲ್ ಯಾರನ್ನೂ ಬೈಯದೆ ಯಶ್ಮಿತಾಳ ಮುಂದೆ ಬಂದು ನಿಂತ. "ಮುಂದಿನ ವರ್ಷಕ್ಕೆ ಎರಡು ಕೆಂಪು ಪೆನ್ನು ತೆಗೆದುಕೋ," ಎಂದ. ಅವಳು ತಲೆಯಾಡಿಸಿದಳು, ಆದರೆ ಅವಳ ಕಣ್ಣು ಅವನ ಹೆಗಲಾಚೆ ಇತ್ತು. ಕೊನೆಯ ಗೆರೆಯ ಬಳಿ ಇಬ್ಬರು ಇನ್ನೂ ಮಲಗೇ ಇದ್ದರು. ಅವಳು ಐಸಿನ ಡಬ್ಬ ಎತ್ತಿಕೊಂಡು ಓಡಿದಳು.

ಓಟಗಾರನಿಗೆ ಏನೂ ಆಗಿರಲಿಲ್ಲ. ಅಂಗಾತ ಮಲಗಿ, ಸೋತ ಮುಖದಲ್ಲೂ ನಗು ತಡೆಯಲಾರದೆ, "ಇವನಿಗೆ ಸ್ವಲ್ಪ ಹೇಳು," ಎಂದ. ಸಫೀರ್ ಬೋರಲು ಬಿದ್ದಿದ್ದ. ಅವನ ಕಣ್ಣು ಮುಚ್ಚಿತ್ತು, ಎರಡೂ ಕೈ ಓಟಗಾರನ ಕಾಲಿನ ಗಂಟಿನ ಮೇಲೆ ಬೀಗ ಹಾಕಿದಂತಿದ್ದವು.

"ಸಫೀರ್."

"ಗೆರೆ ಮುಟ್ಟಿದ ಅಕ್ಕ."

"ಮುಟ್ಟಿದ. ನೀನು ಬಿಡ್ಲಿಲ್ಲ."

"ಬಿಡ್ಲಾ?"

"ಈಗ ಬಿಡು."

ಬೆರಳು ತಾವಾಗಿ ಬಿಡಲಿಲ್ಲ, ಮರಗಟ್ಟಿದ್ದವು. ಯಶ್ಮಿತಾ ಹುಲ್ಲಿನ ಮೇಲೆ ಮಂಡಿಯೂರಿದಳು. ಯಾವ ಮಂಡಿ ಊರಿದೆನೆಂದು ಅವಳಿಗೆ ಆಗ ನೆನಪಾಗಲಿಲ್ಲ. ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ನೀವಿ ಬಿಡಿಸಿದಳು. ಓಟಗಾರ ಕಾಲು ಎಳೆದುಕೊಂಡು ಎದ್ದು, ತನ್ನ ತಂಡದ ಕಡೆಗೆ ನಿಧಾನವಾಗಿ ನಡೆದು ಹೋದ. ಅವನ ಕಪ್ಪು ಕಾಲುಚೀಲದ ಸುತ್ತ ಸುಣ್ಣದ ಹತ್ತು ಬೆರಳು ಮೂಡಿದ್ದವು.