ಬೆನ್ನ ಹಿಂದಕ್ಕೆ ಎಸೆದ ಚೌಕ

ನಾನು ಒಂದು ಚೌಕ. ಬಿಳಿ ಪಿವಿಸಿ ಪೈಪಿನ ನಾಲ್ಕು ತುಂಡು, ಮೂಲೆಗೊಂದು ಎಲ್ಬೋ, ನಡುವೆ ಏನೂ ಇಲ್ಲ. ಒಂದು ಮೊಳ ಉದ್ದ, ಒಂದು ಮೊಳ ಅಗಲ. ನಡುವೆ ಏನೂ ಇಲ್ಲದವರನ್ನು ಲೋಕ ನಂಬುವುದಿಲ್ಲ. ನಾನೂ ಲೋಕವನ್ನು ನಂಬಿದ್ದಿಲ್ಲ, ಅಲ್ಲಿಗೆ ಸರಿಹೋಯಿತು.

ಹುಟ್ಟಿದ್ದು ಕುಂದಾಪುರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ. ನನ್ನ ಒಡಹುಟ್ಟಿದ ಪೈಪುಗಳೆಲ್ಲ ಯಾರ್ಯಾರದೋ ಬಚ್ಚಲುಮನೆ ಸೇರಿ, ನೀರು ಹರಿಸುತ್ತ ಮರ್ಯಾದೆಯಿಂದ ಬಾಳಿದವು. ನನ್ನನ್ನು ಕೊಂಡವಳು ನೀಲಾಂಬಿಕೆ. ಗದಗಿನ ಹುಡುಗಿ, ಕಾಲೇಜು ಸೇರುವವರೆಗೆ ಸಮುದ್ರವನ್ನೇ ಕಂಡವಳಲ್ಲ, ಈಗ ಸಮುದ್ರದ ಜೀವಿಗಳ ಮೇಲೆ ಸಂಶೋಧನೆಗೆ ಹೊರಟಿದ್ದಳು. ಇದರಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅಂಗಡಿಯವರು ಕೇಳಿದರು. ಎಲ್ಲಿಗೂ ಹೋಗುವುದಿಲ್ಲ ಎಂದಳು. ಅವರು ಅಂಟಿನ ಡಬ್ಬಿ ಮುಚ್ಚುತ್ತ ಅವಳ ಮುಖವನ್ನು ಇನ್ನೊಮ್ಮೆ ನೋಡಿದರು. ತೆರೆಗೆ ತೇಲಿ ಹೋಗದಿರಲಿ ಎಂದು ಅವಳು ನನ್ನ ಹೊಟ್ಟೆಗೆ ಮರಳು ಬೇರೆ ತುಂಬಿಸಿದಳು. ನೀರಿಗಾಗಿ ಹುಟ್ಟಿ ಮರಳು ತಿಂದವರ ಸ್ವಭಾವ ಹೇಗಿದ್ದೀತು, ನೀವೇ ಹೇಳಿ.

ಹೊಳೆ ಸಮುದ್ರ ಸೇರುವಲ್ಲಿ ಕರಿಗಲ್ಲು ಕುದ್ರು ಎಂಬ ನಡುಗಡ್ಡೆ ಇದೆ. ಅದರ ಪಡುತುದಿಯಲ್ಲಿ ಕಪ್ಪು ಬಂಡೆಗಳು, ಬಂಡೆಗಳ ಮೈತುಂಬ ಕಚ್ಚಿಕೊಂಡ ಪಚ್ಚಿಲೆ ಚಿಪ್ಪು. ಇಳಿತದ ಹೊತ್ತಿಗೆ ಕುದ್ರುವಿನ ಹೆಂಗಸರು ಅದನ್ನು ಕಿತ್ತು ತಂದು ಮಾರುತ್ತಾರೆ, ಮನೆಗೂ ಬೇಯಿಸುತ್ತಾರೆ. ಜನ ಕಿತ್ತ ಮೇಲೆ ಪಚ್ಚಿಲೆ ಎಷ್ಟು ಬೇಗ ಮತ್ತೆ ಬೆಳೆಯುತ್ತದೆ ಎಂಬುದೇ ನೀಲಾಂಬಿಕೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಗುರುಗಳು ಒಂದು ವರ್ಷ ಕೊಟ್ಟಿದ್ದರು. ಮನೆಯಲ್ಲಿ ಅಪ್ಪನೂ ಒಂದೇ ವರ್ಷ ಎಂದು ಬೆರಳು ತೋರಿಸಿ ಕಳಿಸಿದ್ದ. ಈ ವರ್ಷ ಕೈತಪ್ಪಿದರೆ ಅವಳ ಓದೇ ಕೈತಪ್ಪಿದಂತೆ.

ಅವಳು ಉಳಿದುಕೊಂಡದ್ದು ಸುಗಂಧಿಯಕ್ಕನ ಮನೆಯ ಜಗಲಿಕೋಣೆಯಲ್ಲಿ. ಸುಗಂಧಿಯಕ್ಕ ಪಚ್ಚಿಲೆ ಕೀಳುವವರಲ್ಲೆಲ್ಲ ಹಿರಿಯಳು, ಮಾತು ಕಡಿಮೆ, ಕಣ್ಣು ಜಾಸ್ತಿ. ವರ್ಷದ ಕೊನೆಯ ತಿಂಗಳುಗಳಲ್ಲಿ ಮಗಳು ಶ್ಯಾಮಲಾ ಹೆರಿಗೆಗೆಂದು ಮನೆಗೆ ಬಂದಳು. ನೀಲಾಂಬಿಕೆ ಬಲುಬೇಗ ಎಲ್ಲರೊಂದಿಗೂ ಹೊಂದಿಕೊಂಡಳು. ಸಂಜೆಯಾದರೆ ಒಂದಲ್ಲ ಒಂದು ಮನೆಯ ಜಗಲಿಯಲ್ಲಿ ಚಹಾ, ಬಲೆ ಹೆಣೆಯುವವರ ನಡುವೆ ಹರಟೆ, ಅವಳ ಗದಗಿನ ಮಾತು ಕೇಳಿ ಹೆಂಗಸರಿಗೆ ನಗು. ಪಚ್ಚಿಲೆಯನ್ನು ಮಾತ್ರ ಅವಳು ತಿನ್ನುತ್ತಿರಲಿಲ್ಲ. ತಿನ್ನದವಳು, ಮಾರದವಳು, ಅದನ್ನು ಎಣಿಸುವುದಾದರೂ ಯಾಕೆ? ಹುಡುಗಿ ಒಳ್ಳೆಯವಳೇ, ಆ ಕೈಯಲ್ಲಿರುವ ಚೌಕದ ವಿಷಯ ಮಾತ್ರ ಗೊತ್ತಿಲ್ಲ ಎಂದು ಅವಳು ಅತ್ತ ಹೋದಮೇಲೆ ಪಿಸುಗುಟ್ಟಿಕೊಳ್ಳುತ್ತಿದ್ದರು. ಅಂಗಳದ ತೆಂಗಿನ ಮರಕ್ಕೆ ಹೊಡೆದ ಮೊಳೆಯಲ್ಲಿ ತೂಗುತ್ತ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ನನ್ನನ್ನು ಒಳಗೆ ತರಬಾರದೆಂದು ನಾವು ಮೊದಲ ಸಲ ಬಂಡೆಗೆ ಹೋಗಿಬಂದ ದಿನವೇ ಸುಗಂಧಿಯಕ್ಕ ಹೇಳಿದ್ದಳು. ಮನೆ ಕೊಳೆಯಾದೀತು ಎಂದಿರಬೇಕು ಅಂದುಕೊಂಡಿದ್ದಳು ನಮ್ಮ ಹುಡುಗಿ, ಪಾಪ.

ಈಗ ನನ್ನ ಕೆಲಸವನ್ನು ಹೇಳುತ್ತೇನೆ. ಅನುಮಾನ ಯಾಕೆ ಹುಟ್ಟಿತೆಂದು ನಿಮಗೇ ತಿಳಿದೀತು. ಅಮಾವಾಸ್ಯೆಗೆ ಇಳಿತ ದೊಡ್ಡದು, ಬಂಡೆಗಳು ಬುಡದವರೆಗೆ ಕಾಣುತ್ತವೆ. ಆದ್ದರಿಂದ ಅವಳು ಅಮಾವಾಸ್ಯೆಯ ಆಚೀಚಿನ ದಿನಗಳಲ್ಲೇ ಹೋಗುವುದು. ಬಂಡೆಗಳಿಗೆ ಬೆನ್ನು ಹಾಕಿ ನಿಲ್ಲುವುದು. ಹೆಗಲ ಮೇಲಿಂದ ಹಿಂದಕ್ಕೆ ನನ್ನನ್ನು ಎಸೆಯುವುದು. ನೋಡಿ ಎಸೆದರೆ ಕೈ ತಾನಾಗಿ ಪಚ್ಚಿಲೆ ದಟ್ಟವಾಗಿರುವ ಕಡೆಗೇ ಹೋಗುತ್ತದೆ, ನೋಡದೆ ಎಸೆಯುವುದೇ ಪ್ರಾಮಾಣಿಕತೆ ಎಂದು ಗುರುಗಳು ಕಲಿಸಿದ್ದರು. ನಾನು ಬಿದ್ದಲ್ಲಿ ಎಣಿಸಿ, ಮುಂದಿನ ಸಲ ಅದೇ ಜಾಗವನ್ನು ಮತ್ತೆ ಎಣಿಸಲು ಗುರುತು ಸಿಗಲೆಂದು ಆ ಕಲ್ಲಿಗೊಂದು ಹಳದಿ ಬೊಟ್ಟು ಇಡುವುದು.

ಅಮಾವಾಸ್ಯೆ, ಹಿಂದಿರುಗಿ ನೋಡದ ಎಸೆತ, ಹಳದಿ ಬೊಟ್ಟು. ಕುದ್ರುವಿನಲ್ಲಿ ಹೀಗೆ ಎಸೆಯುವುದು ಒಂದನ್ನೇ: ಮೈಗೆ ನಿವಾಳಿಸಿ ತೆಗೆದ ದೃಷ್ಟಿಯನ್ನು. ದಾಟಿದವರಿಗೆ ಅದು ಅಂಟಿಕೊಳ್ಳುತ್ತದೆ. ಬೊಟ್ಟು ಬಿದ್ದ ಕಲ್ಲಿನ ಹತ್ತಿರ ಒಬ್ಬ ಹೆಂಗಸೂ ಸುಳಿಯಲಿಲ್ಲ. ಉಳಿದ ಕಲ್ಲುಗಳನ್ನೇ ಕೆರೆದು ಕೆರೆದು ಅವರ ಬುಟ್ಟಿ ಬಡವಾಯಿತು. ಬುಟ್ಟಿ ಬಡವಾದಷ್ಟೂ ಅವಳ ಮೇಲಿನ ಅನುಮಾನ ಬಲವಾಯಿತು. ಇತ್ತ ಬೊಟ್ಟಿನ ಕಲ್ಲುಗಳ ಪಚ್ಚಿಲೆ ಕೊಬ್ಬಿ ಬೆಳೆಯಿತು. ಜನ ಇಷ್ಟು ಕಿತ್ತರೂ ಈ ಪರಿ ಬೆಳೆಯುತ್ತಿದೆಯಲ್ಲ ಎಂದು ನೀಲಾಂಬಿಕೆ ನನ್ನ ಮೇಲೆ ಬಾಗಿ ಹಿಗ್ಗುತ್ತಿದ್ದಳು. ಗುರುಗಳು ಫೋನಿನಲ್ಲಿ ಶಹಬ್ಬಾಸ್ ಎಂದರು. ಕೆಳಗೆ ಮಲಗಿ ಅವಳ ನಗುಮುಖ ನೋಡುವಾಗ, ಇಲ್ಲಿ ಯಾರೂ ಕಿತ್ತಿಲ್ಲ ಹುಡುಗೀ ಎಂದು ಕೂಗಬೇಕೆನಿಸುತ್ತಿತ್ತು. ಬಾಯಿಲ್ಲದವರ ಕಷ್ಟ ಯಾರಿಗೆ ಹೇಳುವುದು?

ವರ್ಷ ಮುಗಿಯಲು ಸ್ವಲ್ಪವೇ ಉಳಿದಿತ್ತು. ಒಂದು ಸಂಜೆ ದಣಿದು ಬಂದವಳು ನನ್ನನ್ನು ಮೊಳೆಗೆ ಹಾಕದೆ ಅಂಗಳದಲ್ಲೇ ಬಿಟ್ಟು ಒಳಗೆ ಹೋದಳು. ಒಣಗಿದ ಬಟ್ಟೆಯನ್ನು ಎದೆಯೆತ್ತರ ಹೊತ್ತು ಬರುತ್ತಿದ್ದ ಶ್ಯಾಮಲಾಗೆ ಕಾಲಡಿ ಕಾಣಲಿಲ್ಲ. ತುಂಬಿದ ಬಸುರಿಯ ಪಾದ ನನ್ನೊಳಗೆ ಊರಿತು, ದಾಟಿ ಹೋಯಿತು. ಬಾಗಿಲಲ್ಲಿ ಮೀನು ಹೆಚ್ಚುತ್ತಿದ್ದ ಸುಗಂಧಿಯಕ್ಕನ ಕೈ ನಿಂತಿತು. ರಾತ್ರಿ ಊಟವನ್ನು ಮಾತ್ರ ಅವಳು ಎಂದಿನಂತೆ ಬಡಿಸಿದಳು.

ಮಾರನೆಯ ಬೆಳಿಗ್ಗೆ ಪಡುತುದಿಯಲ್ಲಿ ನೀಲಾಂಬಿಕೆ ನನ್ನನ್ನು ಎಸೆದು ತಿರುಗಿದಾಗ ಹೆಂಗಸರೆಲ್ಲ ಅಲ್ಲಿ ನಿಂತಿದ್ದರು. ಹೊಳೆ ದಾಟಿಸುವ ತಿಮ್ಮ ಮರಕಾಲರು ದೋಣಿಯನ್ನು ಅಲ್ಲಿಗೇ ತಂದಿದ್ದರು, ಅವಳ ಚೀಲವೂ ಅದರಲ್ಲಿತ್ತು. ಸುಗಂಧಿಯಕ್ಕ ಮುಂದೆ ಬಂದಳು.

"ನೀ ಯಾರ್ ಮೇಲೆ ಬಿಸಾಡೂದ್ ಇದನ್ನ? ಸತ್ಯ ಹೇಳ್ ಹೆಣೆ."

ನೀಲಾಂಬಿಕೆಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಹಿಂದೆ ನಿಂತವರು ಒಬ್ಬೊಬ್ಬರಾಗಿ ಅಮಾವಾಸ್ಯೆಯ ಮಾತೆತ್ತಿದರು, ಬೊಟ್ಟಿನ ಮಾತೆತ್ತಿದರು, ಶ್ಯಾಮಲಾ ದಾಟಿದ್ದನ್ನೂ ಹೇಳಿದರು. ಅವಳು ಇಳಿತದ ಕಾರಣ, ನೋಡದೆ ಎಸೆಯುವ ಕಾರಣ ಎಲ್ಲ ಬಿಡಿಸಿ ಹೇಳಿದಳು. ಯಾರ ಮುಖವೂ ಸಡಿಲವಾಗಲಿಲ್ಲ. ಆಗ ಅವಳು ಚಪ್ಪಲಿ ಬಿಟ್ಟು ಬಂದು, ಎರಡೂ ಪಾದಗಳನ್ನು ನನ್ನ ನಡುವೆ ಊರಿ ನಿಂತಳು. ಚಿಪ್ಪಿನ ಅಂಚು ತಾಗಿ ಹಿಮ್ಮಡಿಯಿಂದ ರಕ್ತ ಬಂತು.

"ಇದರಾಗ ಏನರ ಇದ್ರ ಮೊದಲ ನನಗ ತಾಗ್ಲಿ, ಅಕ್ಕಾರ."

ಸುಗಂಧಿಯಕ್ಕ ಬಾಗಿ ಆ ಪಾದಗಳನ್ನು ನೋಡಿದಳು. ಆಮೇಲೆ ಕೇಳಿದಳು, "ಹಂಗಾರೆ ನಾವ್ ಇಷ್ಟ್ ದಿನ ಈ ಕಲ್ಲ್ ಮುಟ್ಟದೇ ಬಿಟ್ಟದ್ದ್ ಸುಮ್ನೆಯಾ?"

ನೀಲಾಂಬಿಕೆಯ ಮುಖ ನನಗೆ ಕೆಳಗಿನಿಂದ ಪೂರ್ತಿ ಕಾಣುತ್ತಿತ್ತು. ಅದು ಒಂದು ಹಳದಿ ಬೊಟ್ಟಿನಿಂದ ಇನ್ನೊಂದಕ್ಕೆ ತಿರುಗಿತು. ಯಾರೂ ಕೀಳದ ಕಲ್ಲಿನ ಪಚ್ಚಿಲೆಯನ್ನು, ಕಿತ್ತ ಮೇಲೆ ಬೆಳೆದದ್ದೆಂದು ಅವಳು ವರ್ಷವಿಡೀ ಎಣಿಸಿದ್ದಳು. ಸುಮ್ಮನಿದ್ದುಬಿಟ್ಟರೆ ಗುರುಗಳಿಗೆ ಗೊತ್ತಾಗುವಂತಿರಲಿಲ್ಲ. ಸುಮ್ಮನಿರುತ್ತಾಳೆ ಎಂದೇ ನಾನು ತಿಳಿದೆ. ನನ್ನ ಅನುಮಾನ ಅವಳನ್ನೂ ಬಿಟ್ಟಿರಲಿಲ್ಲ. ಅವಳು ಬಂಡೆಯ ಮೇಲೆ ಕುಸಿದು ಕುಳಿತು ಅತ್ತಳು. ಅತ್ತು ಮೂಗು ಒರೆಸಿಕೊಂಡು, "ಇವತ್ತ ಎಲ್ಲಾ ಕಿತ್ಕೊಳ್ರಿ. ನಾ ಮೊದಲಿಂದ ಮಾಡ್ತೀನಿ" ಎಂದಳು.

ಹಳದಿ ಬೊಟ್ಟಿನ ಕಲ್ಲಿಗೆ ಮೊದಲ ಏಟು ಹಾಕಿದವಳು ಸುಗಂಧಿಯಕ್ಕ, ಕಣ್ಣು ಮುಚ್ಚಿಕೊಂಡು. ಆ ದಿನ ಬುಟ್ಟಿಗಳು ಸಾಲಲಿಲ್ಲ. ತಿಮ್ಮ ಮರಕಾಲರು ಚೀಲವನ್ನು ತಾವೇ ಹೊತ್ತು ತಂದು ಜಗಲಿಕೋಣೆಯಲ್ಲಿಟ್ಟರು. ಗುರುಗಳು ಬೈದರು, ಅಪ್ಪ ವಾರಗಟ್ಟಲೆ ಫೋನು ಎತ್ತಲಿಲ್ಲ, ಕೊನೆಗೆ ಇಬ್ಬರೂ ಇನ್ನೊಂದು ವರ್ಷಕ್ಕೆ ಒಪ್ಪಿದರು. ಶ್ಯಾಮಲಾಗೆ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಗಟ್ಟಿ. ಅಂದಿನಿಂದ ನನ್ನನ್ನು ಯಾರೂ ಎಸೆಯಲಿಲ್ಲ. ಹೆಂಗಸರು ಬಂಡೆಗಳ ಮೇಲೆ ಹಗ್ಗ ಎಳೆದು ಹಿಡಿಯುತ್ತಿದ್ದರು, ಅವಳು ಹಗ್ಗದುದ್ದಕ್ಕೆ ಅಳೆದ ಅಂತರದಲ್ಲಿ ಎಲ್ಲರೆದುರೇ ನನ್ನನ್ನು ಇಡುತ್ತಿದ್ದಳು.

ಆ ವರ್ಷವೂ ಮುಗಿಯಿತು. ಬಿಸಿಲಿಗೆ ನನ್ನ ಒಂದು ಎಲ್ಬೋ ಸೀಳಿತ್ತು. ಹೊರಡುವ ದಿನ ನೀಲಾಂಬಿಕೆ ನನ್ನನ್ನು ಸುಗಂಧಿಯಕ್ಕನಿಗೇ ಬಿಟ್ಟು, ಮೆಟ್ಟಿಲ ಬುಡದಲ್ಲಿ ಇಟ್ಟಳು. ಆಮೇಲೆ ಬೀಳ್ಕೊಡಲು ಹೊರಟ ಶ್ಯಾಮಲಾಳ ಮಗುವನ್ನು ದೋಣಿಯವರೆಗೆ ಎತ್ತಿಕೊಂಡು ಹೋಗಲೆಂದು ಮೆಟ್ಟಿಲಿಳಿದು ಬಂದಳು. ದಾರಿಗೆ ಅಡ್ಡ ನಾನಿದ್ದೆ. ಬಂಡೆಯ ಮೇಲೆ ನನ್ನನ್ನು ಎಷ್ಟು ಸಲ ದಾಟಿದ ಕಾಲು ಅದು! ಎತ್ತಿದ ಪಾದ ಗಾಳಿಯಲ್ಲೇ ನಿಂತಿತು. ಮಗುವನ್ನು ಇನ್ನಷ್ಟು ಎದೆಗೊತ್ತಿಕೊಂಡು ಅವಳು ನನ್ನನ್ನು ಬಳಸಿ ಹೋದಳು. ಸುಗಂಧಿಯಕ್ಕ ನೋಡಿದಳು. ಅವಳು ನೋಡಿದ್ದನ್ನು ನೀಲಾಂಬಿಕೆಯೂ ನೋಡಿದಳು.

ಈಗ ನಾನು ಸೂರಿನ ಕೆಳಗೆ ಕೋಳಿಗೂಡಿನ ಪಕ್ಕ ಬಿದ್ದಿದ್ದೇನೆ. ಸೀಳಿನಿಂದ ಮರಳೆಲ್ಲ ಸೋರಿ ಹೋಗಿದೆ. ನನ್ನೊಳಗೆ ಏನೂ ಇಲ್ಲ, ಆ ಮರಳು ಬಿಟ್ಟರೆ ಎಂದೂ ಇರಲಿಲ್ಲ; ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಆ ಮಗು ಈಗ ನಡೆಯಲು ಕಲಿತಿದೆ. ಕೋಳಿಮರಿಯನ್ನು ಅಟ್ಟಿಸಿಕೊಂಡು ಅದು ನನ್ನತ್ತ ಓಡಿ ಬಂದಾಗಲೆಲ್ಲ, ಬೇಡ ಮಗಳೇ, ಸುತ್ತಿ ಹೋಗು ಎಂದು ನಾನೂ ಅಂದುಕೊಳ್ಳುತ್ತೇನೆ.