ಎಣ್ಣಿ ಇಲ್ಲದ ಬದನೀಕಾಯಿ

ಹೆಣ್ಣು ನೋಡಲು ಶಿರೋಳಕ್ಕೆ ಬಂದ ದಿನ, ಅವಲಕ್ಕಿಯ ತಾಟನ್ನು ತೊಡೆಯ ಮೇಲಿಟ್ಟುಕೊಂಡು, ಸಿದ್ದಲಿಂಗ ಒಂದು ಮಾತು ಕೊಟ್ಟಿದ್ದ. ಯಾರೂ ಕೇಳಿರಲಿಲ್ಲ, ತಾನಾಗಿಯೇ ಕೊಟ್ಟ. ಹುಡುಗಿ ನೀಲವ್ವ ಆಗಷ್ಟೇ ಬಸ್ ಕಂಡಕ್ಟರ್ ನೌಕರಿಗೆ ಅರ್ಜಿ ಹಾಕಿದ್ದಳು. ಅವಳ ಅಪ್ಪ ಗಂಟಲು ಸರಿಮಾಡಿಕೊಂಡು, "ನೌಕರಿ ಹತ್ತಿದ್ರ ಮನಿ ಕೆಲಸ ಹ್ಯಾಂಗ್ರಿ?" ಎಂದು ಕೇಳಿದ್ದ.

"ಅದರ ಚಿಂತಿ ಬಿಡ್ರಿ ಮಾವಾರ. ರವಿವಾರ ಒಲಿ ನಂದು. ಆವತ್ತ ನಿಮ್ಮ ಮಗಳು ಅಡಗಿ ಮನಿ ಕಡೆ ತಲಿ ಹಾಕಿ ಸೈತ ಮಲಗಂಗಿಲ್ಲ."

ಹಿರಿಯರು ತಲೆದೂಗಿದರು. ಬಾಗಿಲ ಹಿಂದೆ ನಿಂತಿದ್ದ ನೀಲವ್ವನಿಗೆ ಆ ಮಾತಿನ ಮೇಲೆಯೇ ಗಂಡು ಪಸಂದಾಯಿತು. ಮೂಗು ತುಸು ದಪ್ಪ ಇತ್ತು. ಇರಲಿ, ವಾರಕ್ಕೊಂದು ರವಿವಾರ ಬಿಟ್ಟುಕೊಡುವವನ ಮೂಗನ್ನು ಯಾರು ಅಳೆಯುತ್ತಾರೆ?

ಅದಾಗಿ ಹದಿನಾಲ್ಕು ವರ್ಷ. ಮೊದಲ ವರ್ಷ ಹೊಸ ಸೊಸೆ ಇರುವಾಗ ಗಂಡಸು ಒಲೆ ಮುಂದೆ ಕೂತರೆ ಓಣಿಯವರು ಏನಂದಾರು ಎಂಬ ಸಂಕೋಚ. ಆಮೇಲೆ ರವಿವಾರವೇ ಅಂಗಡಿಗೆ ಮಾಲು ಬರತೊಡಗಿತು. ಅದಾದ ಮೇಲೆ ಗಟ್ಟಿಯಾದದ್ದೊಂದು ನೆಪ ಸಿಕ್ಕಿತು: ರೋಣದ ಪೇಟೆಯಲ್ಲಿ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧಿ ಮಾರುವ ಅಂಗಡಿ ಅವನದು. "ಈ ಕೈಲೆ ಕಣಕ ಕಲಸಿದ್ರ ಮನಿ ಮಂದಿಗೆಲ್ಲ ಔಷಧ ವಾಸನಿ ಬರತೈತಿ" ಎಂದು ಎರಡೂ ಅಂಗೈ ಮೂಸಿ ತೋರಿಸುತ್ತಿದ್ದ. ಅದೇ ಕೈಯಲ್ಲಿ ಊಟ ಮಾಡುವಾಗ ಯಾವ ವಾಸನೆಯೂ ಅಡ್ಡ ಬಂದಿರಲಿಲ್ಲ. ಮಗಳು ಪೂಜಾ ಹುಟ್ಟಿದಾಗ ಒಂದು ಸಲ ಚಹಾ ಮಾಡಿದ್ದ. ಆ ಚಹಾದ ಸುದ್ದಿ ಚಿಕ್ಕನರಗುಂದದ ದೂರದ ಬೀಗರ ಮನೆಗಳಲ್ಲೂ ಇವತ್ತಿಗೂ ತಿರುಗಾಡುತ್ತಿದೆ.

ನೀಲವ್ವ ವಾರದಲ್ಲಿ ಆರು ದಿನ ರೋಣ–ಗಜೇಂದ್ರಗಡ ಬಸ್ಸಿನಲ್ಲಿ "ಮುಂದ ಸರೀರಿ, ಒಳಗ ಜಾಗಾ ಐತಿ" ಎಂದು ಒದರಿ ಒದರಿ ಮನೆಗೆ ಬರುವವಳು. ಡಿಪೋದವರ ಬೆನ್ನು ಬಿದ್ದು ವಾರದ ಸೂಟಿಯನ್ನು ರವಿವಾರಕ್ಕೆ ಹಾಕಿಸಿಕೊಂಡಿದ್ದಳು. ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ರವಿವಾರ ಮಧ್ಯಾಹ್ನ ಕಾಲು ಚಾಚಿ ಒಂದು ನಿದ್ದೆ. ಯಾರೂ ಸೀಟಿ ಹೊಡೆಯದ, ಯಾರೂ "ನೀಲಾ, ಉಪ್ಪೆಲ್ಲೈತಿ?" ಎನ್ನದ ಒಂದು ನಿದ್ದೆ. ಹದಿನಾಲ್ಕು ವರ್ಷದಲ್ಲಿ ಅದೊಂದು ಅವಳಿಗೆ ದಕ್ಕಿರಲಿಲ್ಲ.

ಅಂಥದರಲ್ಲಿ ಬುಟ್ಟಿ ಬಂತು.

ಅಸೂಟಿಯ ಅಂದಾನೆಪ್ಪ ಮೂರು ವರ್ಷದಿಂದ ಹೊಲಕ್ಕೆ ಔಷಧಿ ಹೊಡೆಯುವುದನ್ನು ಬಿಟ್ಟಿದ್ದ. ಈ ವರ್ಷ ಬಿತ್ತನೆಯ ಹೊತ್ತಿಗೆ, ಮುಂಗಡ ರೊಕ್ಕ ಇಸಿದುಕೊಂಡು, ರೋಣದ ಇಪ್ಪತ್ತು ಮನೆಗಳನ್ನು ಬೆಳೆಯ ಪಾಲಿಗೆ ಸೇರಿಸಿಕೊಂಡ. ಪಾಲು ಹಿಡಿದವರ ಬಾಗಿಲಿಗೆ ಪ್ರತಿ ರವಿವಾರ ಬೆಳಿಗ್ಗೆ ಒಂದು ಬುಟ್ಟಿ. ಅದರಲ್ಲಿ ಇಂಥದ್ದೇ ಬೇಕು ಅನ್ನುವಂತಿಲ್ಲ, ಆ ವಾರ ಹೊಲ ಏನು ಕೊಟ್ಟಿತೋ ಅದು. ಸಿದ್ದಲಿಂಗ ಎಲ್ಲರಿಗಿಂತ ಮೊದಲು ಹೆಸರು ಬರೆಸಿ ಬಂದು, ರಾತ್ರಿ ಊಟಕ್ಕೆ ಕೂತಾಗ ಸಾರಿದ.

"ಇನ್ಮ್ಯಾಲೆ ನಮ್ಮ ಮನ್ಯಾಗ ಎಣ್ಣಿ ಇಲ್ಲದ ಕಾಯಿಪಲ್ಲೆ."

ರೊಟ್ಟಿ ಮುರಿಯುತ್ತಿದ್ದ ಅವನ ತಾಯಿ ಬಾಳವ್ವನ ಕೈ ಅಲ್ಲೇ ನಿಂತಿತು. "ಯಾಕಪಾ? ನಾ ಏನ್ ದವಾಖಾನ್ಯಾಗ ಮಲಗೇನೇನು? ಎಣ್ಣಿ ಇಲ್ಲದ ಪಲ್ಲೆ ಹ್ಯಾಂಗ ನುಂಗ್ಲಿ?"

"ಆ ಎಣ್ಣಿ ಅಲ್ಲ ಬೇ. ಹೊಡಿಯೋ ಎಣ್ಣಿ."

"ನಾನೂ ಒಗ್ಗರಣಿ ಹೊಡಿಯೋದನ್ನ ಹೇಳಾಕತ್ತೀನಿ."

ಈ ಸೀಮೆಯಲ್ಲಿ ಒಗ್ಗರಣೆಗೆ ಹಾಕುವುದೂ ಎಣ್ಣೆ, ಹತ್ತಿಯ ಹುಳಕ್ಕೆ ಹೊಡೆಯುವುದೂ ಎಣ್ಣೆ. ಮೊದಲನೆಯದು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಎರಡನೆಯದು ಸಿದ್ದಲಿಂಗನಲ್ಲಿ. ತಾಯಿಗೆ ತಿಳಿಸಿ ಹೇಳುವಷ್ಟರಲ್ಲಿ ಅವನ ಸಾರು ಆರಿ ಹೋಯಿತು. ನೀಲವ್ವನಿಗೆ ಮೊದಲೇ ತಿಳಿದಿತ್ತು. ಅವಳ ಸಂಶಯ ಬೇರೆ.

"ಹಂಗಾದ್ರ ನಿಮ್ಮ ಅಂಗಡ್ಯಾಗಿನ ಎಣ್ಣಿ ಯಾರಿಗ್ರಿ?"

"ಅದು ಹೊಲಕ್ಕ."

"ಹೊಲದಾಗ ಬೆಳದದ್ದು?"

"ಅದು ಮಂದಿಗೆ" ಎಂದ ಸಿದ್ದಲಿಂಗ, ಸ್ವಲ್ಪವೂ ತಡವರಿಸದೆ.

"ಪಲ್ಲೆ ಯಾರು ಸೋಸವ್ರು?"

ಅದಕ್ಕೆ ಅವನು ನೀರು ಕುಡಿದ.

ಮೊದಲ ಬುಟ್ಟಿಯಲ್ಲಿ ಮೂಲಂಗಿ, ರಾಜಗಿರಿ, ಮೆಂತ್ಯೆ, ಕಡ್ಲಿ ಪಲ್ಲೆ ಮತ್ತು ಬದನೆಕಾಯಿ ಇದ್ದವು. ಬೇರಿಗೆ ಅಸೂಟಿಯ ಎರೆಮಣ್ಣು ಹಿಡಿ ಹಿಡಿ ಅಂಟಿತ್ತು. ಸಿದ್ದಲಿಂಗ ಬುಟ್ಟಿಯನ್ನು ತುಳಸಿಕಟ್ಟೆಯ ಮೇಲಿಟ್ಟು ನಾಲ್ಕು ದಿಕ್ಕಿನಿಂದ ಫೋಟೋ ಹೊಡೆದ, "ಎಣ್ಣಿ ಇಲ್ಲದ್ದು, ಶುದ್ಧ" ಎಂದು ಬರೆದು ವಾಟ್ಸಾಪಿನ ಸ್ಟೇಟಸ್‌ಗೆ ಹಾಕಿದ. ಬುಟ್ಟಿಗೆ ಅವನ ಸೇವೆ ಅಲ್ಲಿಗೆ ಮುಗಿಯಿತು. ಮಣ್ಣು ತೊಳೆಯುವುದು, ಎಲೆ ಎಲೆ ತಿರುವಿ ಸೋಸುವುದು, ಹುಳ ಆರಿಸುವುದು, ಬಾಡುವುದರೊಳಗೆ ಒಂದಿಷ್ಟು ಬೇಯಿಸುವುದು, ಉಳಿದದ್ದನ್ನು ಪಚಡಿ ಮಾಡುವುದು ನೀಲವ್ವನ ಪಾಲು. ಸೋಸಿ ಮುಗಿಸಿ ತಲೆ ಎತ್ತಿದರೆ ಸಂಜೆಯ ಚಹಾದ ಹೊತ್ತು.

ಮೊದಲು ಅವಳ ಬಸ್ಸಿನಲ್ಲಿ ಹಳ್ಳಿಯ ಮುದುಕಿಯರು ಉಡಿಯಿಂದ ಹಿಡಿ ಕಡ್ಲಿ ಪಲ್ಲೆ ತೆಗೆದು, "ತಗೋ ಯವ್ವಾ, ಮನಿಗೊಯ್ಯಿ" ಎಂದು ಟಿಕೆಟ್ ಚೀಲದ ಮೇಲಿಡುತ್ತಿದ್ದರು. ಪುಗಸಟ್ಟೆ. ಅದೂ ಸೋಸಿದ್ದು. ಈಗ ಅದನ್ನೂ ಬ್ಯಾಡ ಎನ್ನಬೇಕಾಗಿತ್ತು, ಮನೆಯಲ್ಲಿ ಇಡಲು ಜಾಗವಿರಲಿಲ್ಲ.

ಔಷಧಿ ಕಾಣದ ಹೊಲದ ಬದನೆಕಾಯಿಯಲ್ಲಿ ಹುಳ ಇದ್ದೇ ಇರುತ್ತಿತ್ತು. ಅಂದಾನೆಪ್ಪ ಮೋಸದ ಮನುಷ್ಯನಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ತಾಟಿನಲ್ಲಿ ಯಾವುದಾದರೊಂದು ತಪ್ಪಿ ಬಂದರೆ ಸಿದ್ದಲಿಂಗ ಬೆರಳಿನಿಂದ ಪಕ್ಕಕ್ಕೆ ಸರಿಸಿ, ಅಂಗಡಿಯ ಗಲ್ಲಾದ ಮೇಲೆ ಕೂತವನ ದನಿಯಲ್ಲಿ, "ಇದು ಕಾಯಿ ಕೊರಿಯೋ ಹುಳ. ಲೀಟರ್ ನೀರಿಗೆ ಎರಡ ಎಮ್ಮೆಲ್ ಹಾಕಿ, ಗಾಳಿ ಇಲ್ಲದಾಗ ಹೊಡದ್ರ ಮೂರ ದಿನದಾಗ ಸಾಫ್" ಎನ್ನುತ್ತಿದ್ದ. ಹೇಳಿ ಮುಗಿಸಿ, ತಾನು ಶುದ್ಧವಾದದ್ದನ್ನು ತಿನ್ನುತ್ತಿದ್ದೇನೆ ಎಂಬುದು ನೆನಪಾಗಿ, ಮತ್ತೊಂದು ತುತ್ತು ಹಾಕಿಕೊಳ್ಳುತ್ತಿದ್ದ.

ಸ್ಟೇಟಸ್ ನೋಡಿದವರು ಸುಮ್ಮನಿರುತ್ತಾರೆಯೆ? ಗಿರಾಕಿ ಹಾಲಸಿದ್ದಪ್ಪ ಅಂಗಡಿಯ ಕಟ್ಟೆಗೆ ಕಾಲು ಕೊಟ್ಟು ನಿಂತು, ನಾಲ್ಕು ಮಂದಿ ಕೇಳುವಂತೆ ಹೇಳಿದನಂತೆ: "ಸಾಹುಕಾರ್ರ, ನಮಗೂ ಆ 'ಎಣ್ಣಿ ಇಲ್ಲದ್ದು' ಎರಡ ಡಬ್ಬಿ ಕೊಡ್ರಿ."

ಇದನ್ನು ಸಿದ್ದಲಿಂಗ ಮನೆಯಲ್ಲಿ ಹೇಳಲಿಲ್ಲ. ಮರುದಿನ ಬೆಳಗಿನ ಬಸ್ಸಿನಲ್ಲಿ ಹಾಲಸಿದ್ದಪ್ಪನೇ ಹೇಳಿದ. ನೀಲವ್ವ ನಕ್ಕ ನಗೆಗೆ ಡ್ರೈವರ್ ಹಿಂದೆ ತಿರುಗಿ ನೋಡಿದ.

ಆರನೆಯ ವಾರಕ್ಕೆ ನಗೆ ಬತ್ತಿತು. ಆರೂ ವಾರ ಮೂಲಂಗಿ. ಶಾಲೆಯ ಡಬ್ಬಿಯಲ್ಲಿ ಅದನ್ನು ಒಯ್ದರೆ ಬೆಂಚಿನಲ್ಲಿ ತನ್ನ ಬಾಜೂ ಯಾರೂ ಕೂಡುವುದಿಲ್ಲ ಎಂದು ಪೂಜಾ ಅತ್ತಳು. ಪಕ್ಕದ ಮನೆಯ ಮುಮತಾಜಬಿಗೆ ಒಯ್ದು ಕೊಟ್ಟರೆ ಅವಳು ಬಾಗಿಲಲ್ಲೇ ಕೈಮುಗಿದಳು. "ಸಾಕವ್ವ ನೀಲಕ್ಕ. ನಿನ್ನ ಕೈಯಾಗ ಮೂಲಂಗಿ ಕಂಡ್ರ ನಮ್ಮ ಕೋಳಿ ಸೈತ ಒಳಗ ಓಡತಾವ."

ಆ ರವಿವಾರ ಅಂದಾನೆಪ್ಪ ಬುಟ್ಟಿ ಇಳಿಸಿ, ಮೋಟರ್ ಸೈಕಲ್ಲಿನ ಮೇಲೆ ಕೂತೇ ಹೇಳಿದ. "ಸಿದ್ದಲಿಂಗಪ್ಪ, ಬರೋ ರವಿವಾರ ನಿಮ್ಮ ಮನಿ ಮುಯ್ಯಿ. ಪಾಲಿನ ಮನಿಗೆ ಒಬ್ಬರಂಗ ಹೊಲಕ್ಕ ಬಂದು ಒಂದ ದಿನ ಪಲ್ಲೆ ಕಿತ್ತ ಕೊಡಬೇಕು. ಮೊದಲ ಹೇಳಿದ್ನೆಲ್ಲ?"

"ಬರ್ತಾಳ ಕಾಕಾ, ನಮ್ಮಾಕಿ ಬರ್ತಾಳ" ಎಂದ ಸಿದ್ದಲಿಂಗ, ಫೋನಿನಿಂದ ಕಣ್ಣೆತ್ತದೆ. "ರವಿವಾರ ಆಕೀಗೆ ಸೂಟಿನ ಐತಿ. ಮನ್ಯಾಗ ಖಾಲಿ ಇರ್ತಾಳ."

ಮೊರದ ತುಂಬ ರಾಜಗಿರಿ ಇಟ್ಟುಕೊಂಡು ಕೂತಿದ್ದ ನೀಲವ್ವನಿಗೆ ಆ 'ಖಾಲಿ' ಎಂಬ ಮಾತು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಅಂದುಬಿಡಬೇಕು ಎನ್ನುವಷ್ಟರಲ್ಲಿ, ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಅವಳು ಮೊರ ಕೆಳಗಿಟ್ಟು, ಬಸ್ಸಿನಲ್ಲಿ ಚಿಲ್ಲರೆ ಕೇಳುವಷ್ಟೇ ಮೆತ್ತಗೆ ಕೇಳಿದಳು.

"ಹೋಗ್ತೀನ್ರಿ. ಆವತ್ತ ಬುಟ್ಟಿ ಬರತೈತೆಲ್ಲ, ಅಡಗಿ ಯಾರು ಮಾಡವ್ರು?"

ಅಂದಾನೆಪ್ಪ ಗಾಡಿ ಚಾಲೂ ಮಾಡದೆ ಕೂತಿದ್ದ. ಮುಮತಾಜಬಿ ಗೋಡೆಯ ಮೇಲಿಂದ ಇಣುಕಿದಳು. ಇಷ್ಟು ಮಂದಿಯ ಮುಂದೆ ಸಿದ್ದಲಿಂಗನಿಗೆ ಶಿರೋಳದ ಪಡಸಾಲೆ ನೆನಪಾಯಿತು.

"ನಾನ! ಮತ್ಯಾರು? ರವಿವಾರ ಒಲಿ ನಂದು ಅಂತ ಹೆಣ್ಣ ನೋಡಾಕ ಹ್ವಾದಾಗನ ಮಾತ ಕೊಟ್ಟೀನಿ ಕಾಕಾ."

"ಮಾತ ಕೊಟ್ಟು ಎಷ್ಟ ದಿನಾ ಆತಪಾ?" ಎಂದ ಅಂದಾನೆಪ್ಪ.

"ಬರೋ ಯುಗಾದಿಗೆ ಹದಿನೈದು ವರ್ಷ" ಎಂದಳು ನೀಲವ್ವ.

ರವಿವಾರ ಬೆಳಿಗ್ಗೆ ಅವಳು ಅಸೂಟಿಗೆ ಹೋದಳು. ಮೆಂತ್ಯೆ ಕಿತ್ತಳು, ಕಟ್ಟು ಕಟ್ಟಿದಳು, ಬದನೆಯ ಸಾಲಿನಲ್ಲಿ ಸೊಂಟ ನೋಯುವಷ್ಟು ಬಗ್ಗಿದಳು. ಆದರೆ ಮುಯ್ಯಿ ಆಳಿಗೆ ಹೊಲದವರೇ ಊಟ ಹಾಕುವುದು ಪದ್ಧತಿ. ಮಧ್ಯಾಹ್ನ ಬೇವಿನ ನೆರಳಿನಲ್ಲಿ ಅಂದಾನೆಪ್ಪನ ಹೆಂಡತಿ ಚನ್ನವ್ವ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ, ಜುಣಕ, ಗಟ್ಟಿ ಮೊಸರು ಹಾಕಿಕೊಟ್ಟಳು. ಇನ್ನೊಬ್ಬರು ಬಡಿದ ರೊಟ್ಟಿಯನ್ನು ಕೂತು ತಿಂದು ಎಷ್ಟು ದಿನವಾಗಿತ್ತೋ. ನೀಲವ್ವ ರೊಟ್ಟಿಯ ಜೊತೆ ಕಡಿಯಲು ಮೂಲಂಗಿಯನ್ನೂ ಕೇಳಿ ಇಸಿದುಕೊಂಡಳು.

ಕೈ ತೊಳೆಯುವಾಗ ಫೋನ್ ಬಂತು.

"ನೀಲಾ, ಬದನೀಕಾಯಿ ಹೆಚ್ಚೀನಿ. ಎಣ್ಣಿ ಎಷ್ಟ ಹಾಕ್ಲಿ?"

"ಲೀಟರಿಗೆ ಎರಡ ಎಮ್ಮೆಲ್. ಗಾಳಿ ಇಲ್ಲದಾಗ ಹೊಡೀರಿ" ಎಂದು ನೀಲವ್ವ ಫೋನ್ ಬಂದ್ ಮಾಡಿ ಚೀಲಕ್ಕೆ ಹಾಕಿದಳು. ಸೆರಗು ಮುಖದ ಮೇಲೆ ಎಳೆದುಕೊಂಡು ಬೇವಿನ ಬೇರಿಗೆ ತಲೆ ಇಟ್ಟಳು. ಚನ್ನವ್ವ ಎಬ್ಬಿಸಲಿಲ್ಲ. ಎದ್ದಾಗ ನೆರಳು ಬದುವಿನಾಚೆ ಹೋಗಿತ್ತು, ಕೆನ್ನೆಯ ಮೇಲೆ ಬಳೆಯ ಅಚ್ಚು ಮೂಡಿತ್ತು.

ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ತಾಟು ಹಾಕಿಟ್ಟಿತ್ತು. ಸಿದ್ದಲಿಂಗ ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು, ದೊಡ್ಡ ಲಗ್ನದ ಅಡುಗೆ ಇಳಿಸಿದವನಂತೆ ಹಣೆ ಒರೆಸಿಕೊಳ್ಳುತ್ತಿದ್ದ. ತೆಳ್ಳಗಿನ ಕಟಕ ರೊಟ್ಟಿಗಳು ಒಂದೇ ಅಳತೆಯಲ್ಲಿ ಸಾಲಾಗಿದ್ದವು. ಮನೆಯ ಹಿತ್ತಾಳೆ ಡಬರಿಯಲ್ಲಿ ಎಣ್ಣೆಗಾಯಿ, ಮೇಲೆ ಎರಡು ಬೆರಳು ಕೆಂಪು ಎಣ್ಣೆ.

"ಮುಂಜಾನಿಯಿಂದ ನಿಂತ ಕಾಲ ಮ್ಯಾಲೆ ಮಾಡೀನಿ. ಉಂಡ ಹೇಳು."

ನೀಲವ್ವ ಉಂಡಳು. ರುಚಿ ಇತ್ತು, ಎರಡು ರೊಟ್ಟಿ ಹೆಚ್ಚೇ ಹೋದವು. ಕೊನೆಗೆ ಉಳಿದ ಬದನೆಕಾಯಿಯನ್ನು ತಾಟಿನ ಅಂಚಿಗೆ ತಂದು, ತೊಟ್ಟು ಹಿಡಿದು ನಾಲ್ಕು ಹೋಳು ಬಿಡಿಸಿ ಒಂದೊಂದನ್ನೇ ತಿರುವಿ ನೋಡಿದಳು. ಇನ್ನೊಂದು ಹಾಕಿಸಿಕೊಂಡು ಅದನ್ನೂ ನೋಡಿದಳು. ತೂತಿಲ್ಲ, ಕಲೆಯಿಲ್ಲ, ಕಂಪನಿಯ ಕ್ಯಾಲೆಂಡರಿನ ಚಿತ್ರದಂಥ ಕಾಯಿ. ಆರು ವಾರದಲ್ಲಿ ಅಂದಾನೆಪ್ಪನ ಬುಟ್ಟಿಯಲ್ಲಿ ಇಂಥದೊಂದನ್ನು ಅವಳು ಕಂಡಿರಲಿಲ್ಲ. ಅವತ್ತು ಬೆಳಿಗ್ಗೆ ಆ ಹೊಲದ ಸಾಲು ಸಾಲನ್ನೇ ಕಂಡು ಬಂದಿದ್ದಳು.

"ಹುಳ ಎಲ್ಲದಾವ್ರಿ?"

"ಏನ?"

"ಎರಡ ಕಾಯಿ ಬಿಡಿಸಿ ನೋಡಿದೆ. ಒಂದರಾಗೂ ಹುಳ ಇಲ್ಲ."

"ಆರಿಸೀನಿ, ಮತ್ತ" ಎಂದ ಸಿದ್ದಲಿಂಗ.

"ತೂತು ಸೈತ ಆರಿಸಿ ತಗದ್ರೇನು?"

ಬಾಳವ್ವ ಬಾಯಲ್ಲಿದ್ದ ರೊಟ್ಟಿಯನ್ನು ನಿಧಾನ ನುಂಗಿದಳು. ಎಣ್ಣಿ ಇಲ್ಲದ್ದು ಎಂಬ ಮಾತು ಎದ್ದ ದಿನದಿಂದ ಅವಳ ಹೊಟ್ಟೆಯಲ್ಲಿ ಸಿಟ್ಟಿತ್ತು. "ಖಾನಾವಳಿ ಬದನೀಕಾಯಾಗ ಹುಳ ಎಲ್ಲಿಂದ ಬರಬೇಕವ್ವ? ಅವ್ರು ಪ್ಯಾಟ್ಯಾಗಿಂದು ತರ್ತಾರ. ಇವನ ಅಂಗಡಿ ಎಣ್ಣಿ ಹೊಡದದ್ದ ಇದ್ದೀತು" ಎಂದು, ಡಬರಿಯನ್ನು ತನ್ನ ಕಡೆ ಎಳೆದುಕೊಂಡಳು. "ಏನಾರ ಅನ್ನು, ಎರಡೂ ಎಣ್ಣಿ ಬಿದ್ದ ಪಲ್ಲೆ ರುಚಿ ಐತಿ."

ಬೆಳಗಿನ ಬುಟ್ಟಿ ಮಂಚದ ಕೆಳಗಿತ್ತು, ಮೇಲೊಂದು ಗೊಬ್ಬರದ ಖಾಲಿ ಚೀಲ ಹೊಚ್ಚಿತ್ತು. ಹೆಚ್ಚಿದ್ದು ಒಂದೇ ಬದನೆಕಾಯಿ. ಅದರ ಹುಳ ಬುಟ್ಟಿಯ ಅಂಚಿನ ಮೇಲೆ ತಿರುಗಾಡುತ್ತಿತ್ತು.

ನೀಲವ್ವ ಒದರಲಿಲ್ಲ. ಬಾಯಿ ಮುಕ್ಕಳಿಸಿ ಬಂದು ಅಂದಾನೆಪ್ಪನಿಗೆ ಫೋನ್ ಹಚ್ಚಿದಳು.

"ಕಾಕಾ, ಬರೋ ರವಿವಾರಾನೂ ಮುಯ್ಯಿಗೆ ನಾ ಬರ್ತೀನಿ. ಅದರ ಮುಂದಿನ ರವಿವಾರಾನೂ. ಸುಗ್ಗಿ ಮುಗಿಯೋತನಕ ನನ್ನ ಹೆಸರ ಹಿಡೀರಿ."

"ನಿಮ್ಮ ಮನಿ ಪಾಳಿ ಮುಗೀತೆಲ್ಲ ತಂಗಿ."

"ಇರ್ಲಿ ಬಿಡ್ರಿ. ಬೇವಿನ ಗಿಡ ಅಲ್ಲೇ ಇರ್ತೈತಿಲ್ಲೊ?"

ಸಿದ್ದಲಿಂಗ ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡ. "ಹಂಗಾದ್ರ ಇಲ್ಲಿ ರವಿವಾರದ ಅಡಗಿ?"

"ಒಲಿ ನಿಮ್ಮದ ಐತೆಲ್ಲ" ಎಂದು ನೀಲವ್ವ ದಿಂಬು ಝಾಡಿಸಿದಳು.

ಸುಗ್ಗಿ ಮುಗಿಯುವವರೆಗೆ ಎಂಟು ರವಿವಾರ ಬಂದವು. ನೀಲವ್ವ ಎಂಟೂ ರವಿವಾರ ಅಸೂಟಿಯ ಹೊಲದಲ್ಲಿ ಮಲಗಿದಳು. ಎಂಟೂ ರವಿವಾರ ಮನೆಗೆ ಖಾನಾವಳಿಯ ಡಬ್ಬಿ ಬಂತು. ಸಿದ್ದಲಿಂಗ ಒಂದು ದಿನವೂ ಒಲೆ ಹಚ್ಚಲಿಲ್ಲ. ಕೊಟ್ಟ ಮಾತು ನಡೆಸಲಿಲ್ಲ.